ಹಿಂದಿನ ಸೀಟಿನ ನ್ಯಾವಿಗೇಟರ್

ಬಾಂಬರ್ ವಿಮಾನಕ್ಕೆ ದಾರಿ ಹೇಳಿದವರು ಮಾವನಾಗಿ ಸಿಕ್ಕರೆ, ಕೊತ್ತಂಬರಿ ಸೊಪ್ಪು ತರಲು ಹೊರಟಾಗಲೂ ಏನಾದರೊಂದು ನಡೆಯುತ್ತಲೇ ಇರುತ್ತದೆ. ನನ್ನ ಮಾವ ಧಾರವಾಡದವರು, ಎಪ್ಪತ್ತೊಂದರ ಯುದ್ಧದಲ್ಲಿ ನ್ಯಾವಿಗೇಟರ್ ಆಗಿದ್ದವರು. ಪೈಲಟ್ ಹಿಂದೆ ಕೂತು ವೇಗ, ಎತ್ತರ, ದಿಕ್ಕು ಲೆಕ್ಕ ಹಾಕಿ ಹೇಳುವುದು ಅವರ ಕೆಲಸ. ಆ ಬೇಸಿಗೆ ಅತ್ತೆಯ ಜೊತೆ ಹ್ಯೂಸ್ಟನ್‌ನಿಂದ ನಾಲ್ಕೈದು ಗಂಟೆ ದಾರಿಯ ಪ್ರಾಸ್ಪರ್ ಊರಿನ ನಮ್ಮ ಮನೆಗೆ ಬಂದಾಗ, ಮೊಮ್ಮಗಳನ್ನು ನೋಡಲು ಬಂದೆ ಎನ್ನುತ್ತಿದ್ದರು. ನಿಜಕ್ಕೂ ಬಂದದ್ದು ತಮ್ಮ ಹಳೆಯ ಪೈಲಟ್‌ಗಾಗಿ. ಆ ಪೈಲಟ್ ಹ್ಯೂಸ್ಟನ್‌ನಲ್ಲಿ ತಮ್ಮ ಮಗಳ ಮನೆಯಲ್ಲಿದ್ದರು. ಅವರಿಗೆ ಮರೆವಿನ ಕಾಯಿಲೆ. "ನನ್ನ ಗುರ್ತು ಹಿಡೀತಾರೋ ಇಲ್ಲೋ" ಎಂಬುದೊಂದೇ ಮಾವನ ಚಿಂತೆ.

ಹೇಳಿದ ಹೊತ್ತಿಗೆ

ನಮ್ಮೂರಿನ ಕನ್ನಡಿಗರೊಬ್ಬರ ಮನೆಯಲ್ಲಿ ಸಂಜೆ ಆರಕ್ಕೆ ಸತ್ಯನಾರಾಯಣ ಪೂಜೆ. ನಾವು ಸ್ವಲ್ಪ ಬೇಗ ತಲುಪಿದೆವು. "ಗುರಿ ಮ್ಯಾಲೆ ಮುಂಚೆ ಹೋಗಬಾರದು, ತಡಾನೂ ಆಗಬಾರದು. ಒಂದು ಸುತ್ತು ಹಾಕ್ರಿ, ಅಳಿಯಂದ್ರ" ಎಂದರು ಮಾವ. ಒಂದೇ ತರಹದ ಮನೆಗಳ ನಡುವೆ ಸುತ್ತು ಹಾಕಿ, ಸರಿಯಾಗಿ ಆರಕ್ಕೆ ಬೆಲ್ ಒತ್ತಿದೆವು. ಬಾಗಿಲು ತೆಗೆದವರು ನೈಟಿಯಲ್ಲಿದ್ದರು, ಕೈಯಲ್ಲಿ ವ್ಯಾಕ್ಯೂಮ್ ಕ್ಲೀನರ್.

"ಅಂಕಲ್, ಆರು ಅಂದ್ರೆ ಏಳೂವರೆ ಅಲ್ವಾ?"

ಪ್ರಸಾದಕ್ಕೆ ಮುಂಚೆ ನಮಗೆ ಕುರ್ಚಿ ಜೋಡಿಸುವ ಸೇವೆ ಸಿಕ್ಕಿತು.

ಎರಡೂವರೆ ಸೀಟಿ

ಧಾರವಾಡ ಎತ್ತರದ ಊರು, ಪ್ರಾಸ್ಪರ್ ಅದಕ್ಕಿಂತ ತಗ್ಗು. ಹಾಗಾಗಿ ಕುಕ್ಕರಿನ ಸೀಟಿಗೂ ಎತ್ತರದ ತಿದ್ದುಪಡಿ ಬೇಕೆಂದು ಮಾವ ಹಟ ಹಿಡಿದರು. ಡೈನಿಂಗ್ ಟೇಬಲ್ಲಿನಲ್ಲಿ ಕೂತು ಲೆಕ್ಕ ಹಾಕಿ, "ಬ್ಯಾಳಿಗೆ ಮೂರು ಬ್ಯಾಡ, ಎರಡೂವರಿ ಸೀಟಿ ಸಾಕು" ಎಂದು ಘೋಷಿಸಿದರು.

ಅತ್ತೆ ಒಲೆಯ ಮುಂದಿನಿಂದ ಅಲುಗಾಡಲಿಲ್ಲ. "ಎರಡು ಕುಕ್ಕರ್ ಹೊಡೀತದ. ಉಳಿದ ಅರ್ಧಾ ನೀವ ಹೊಡೀರಿ."

ತಿದ್ದುಪಡಿ

ಕೊನೆಗೆ ಹ್ಯೂಸ್ಟನ್‌ಗೆ ಹೋದೆವು. ಮಾವ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಬಾಗಿಲಲ್ಲೇ ನೆಟ್ಟಗೆ ನಿಂತು "ಗುಡ್ ಮಾರ್ನಿಂಗ್, ಸರ್" ಎಂದರು. ಪೈಲಟ್ ಅವರನ್ನು ಮೇಲಿಂದ ಕೆಳಗೆ ನೋಡಿ ಮಗಳನ್ನು ಕೇಳಿದರು: "ಎಸಿ ರಿಪೇರಿಗೆ ಬಂದೋರಾ?"

ಮಾವ ನಕ್ಕರು. ಆ ನಗು ನೋಡಿ ನನಗೆ ಸಂಕಟವಾಯಿತು.

ಊಟಕ್ಕೆ ನಮ್ಮ ಕಡೆಯ ಹೋಟೆಲುಗಳಿರುವ ಹಿಲ್‌ಕ್ರಾಫ್ಟ್ ರಸ್ತೆಯ ಕಡೆ ಹೊರಟೆವು. ಪೈಲಟ್ ಮುಂದೆ, ನನ್ನ ಪಕ್ಕ. ಮಾವ ಅವರ ಹಿಂದೆ, ಮಾವನ ಪಕ್ಕ ಅತ್ತೆ. ಮಾವನಿಗೆ ಸುಮ್ಮನಿರುವುದು ಕಷ್ಟ. ಮೆಲ್ಲಗೆ ಶುರುಮಾಡಿದರು: "ಅಳಿಯಂದ್ರ, ವಿಮಾನದಾಗ ಮೀಟರ್ ತೋರ್ಸೋದು ಖರೇ ವೇಗ ಅಲ್ಲ. ಮ್ಯಾಲೆ ಹೋದಂಗ ಗಾಳಿ ತೆಳು ಆಗ್ತದ, ಮೀಟರ್ ಕಡಿಮಿ ತೋರಿಸ್ತದ. ಎತ್ತರ ನೋಡಿ ತಿದ್ದುಪಡಿ ಕೂಡಿಸಬೇಕು." ಹ್ಯೂಸ್ಟನ್ ಇರುವುದು ಹೆಚ್ಚುಕಡಿಮೆ ಸಮುದ್ರಮಟ್ಟದಲ್ಲಿ. ಕಾರಂತೂ ಟ್ರಾಫಿಕ್ಕಿನಲ್ಲಿ ನಿಂತೇ ಇತ್ತು.

ಪೈಲಟ್ ತಿರುಗಿ ನೋಡಲಿಲ್ಲ. ನನ್ನ ಮೊಣಕೈ ಹಿಡಿದು, "ಹಿಂದಿರೋನ ಮಾತು ಕೇಳಬೇಡಪ್ಪ" ಎಂದರು. "ಯುದ್ಧದಿಂದ ವಾಪಸ್ ಬರೋವಾಗ ತಿದ್ದುಪಡಿ ಕೂಡಿಸೋದು ಬಿಟ್ಟು ಕಳೆದ. ವೇಗ ಕಡಿಮೆ ಅಂದ್ಕೊಂಡು ನಮ್ಮ ರನ್‌ವೇ ದಾಟಿ ಎಲ್ಲೋ ಹೋಗಿಬಿಟ್ವಿ. ಕೇಳಿದ್ರೆ ತಪ್ಪನ್ನ ಗಾಳಿ ಮೇಲೆ ಹಾಕ್ತಾನೆ."

ಕನ್ನಡಿಯಲ್ಲಿ ನೋಡಿದೆ. ಮಾವ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತಿದ್ದರು. ಇಷ್ಟು ವರ್ಷ ಮನೆಯಲ್ಲಿ ಯಾರಿಗೂ ಹೇಳದ ತಪ್ಪು ಅದು. ಅತ್ತೆಯ ಮುಂದೆಯೇ ಬಯಲಾಗಿತ್ತು, ಆದರೂ ಮಾವನ ಮುಖದಲ್ಲಿ ಅಷ್ಟು ಸಂತೋಷವನ್ನು ನಾನು ಕಂಡಿರಲಿಲ್ಲ. ಮುಂದಕ್ಕೆ ಬಾಗಿ ಪೈಲಟ್ ಹೆಗಲ ಮೇಲೆ ಕೈಯಿಟ್ಟರು.

"ಹೌದ್ರಿ ಸರ್. ತಪ್ಪು ನಂದ."

"ಈಗ ಒಪ್ಕೊಂಡ್ಯಲ್ಲ."

ಮಾವ ಕನ್ನಡಕ ಮತ್ತೆ ಹಾಕಿಕೊಂಡರು. ಆಮೇಲೆ ಹೇಳಿದರು:

"ಗಾಳೀನೂ ಸ್ವಲ್ಪ ಇತ್ತು, ಸರ್."