ನಾನು ಎಲ್ಲಿಗೆ ಹೋಗುತ್ತೇನೆಂಬ ಸಂಶೋಧನೆ

ಯಾರಾದರೂ ಪಕ್ಕದಲ್ಲಿ ನಿಂತು ನೋಡುತ್ತಿದ್ದರೆ ನನಗೆ ಬಾಗಿಲ ಮುಂದಿನ ರಂಗೋಲಿ ಕೂಡ ನೆಟ್ಟಗೆ ಬರುವುದಿಲ್ಲ. ದಿನಾ ಇಡುವ ಅದೇ ಚುಕ್ಕಿ, ಎಳೆಯುವ ಅದೇ ಗೆರೆ. ಆದರೂ ಒಂದು ಜೊತೆ ಕಣ್ಣು ಕೈಮೇಲೆ ಬಿತ್ತೆಂದರೆ ಬೆರಳಿಗೆ ತಾನು ಬೆರಳೆನ್ನುವುದೇ ಮರೆತುಹೋಗುತ್ತದೆ. ನಮ್ಮ ಅತ್ತೆ ಇದ್ದಾಗ ಅಡುಗೆಮನೆ ಬಾಗಿಲಲ್ಲಿ ಸುಮ್ಮನೆ ನಿಂತರೂ ಸಾಕು, ನಾನು ಸಾರಿಗೆ ಎರಡು ಸಲ ಉಪ್ಪು ಹಾಕಿಬಿಡುತ್ತಿದ್ದೆ. ದೇವರು ನೋಡುತ್ತಾನೆ, ಅದು ಬೇರೆ ಮಾತು. ನಮ್ಮ ಬೆಟ್ಟದ ದೇವರು ಮಾದಪ್ಪ ನೋಡಿದ್ದನ್ನು ನೋಡಿ ಸುಮ್ಮನಿರುತ್ತಾನೆ, ಅದು ಅವನು ನಮ್ಮ ಮೇಲಿಟ್ಟಿರುವ ದಯೆ. ಮನುಷ್ಯರು ಹಾಗಲ್ಲ. ಇಂಥ ನನ್ನನ್ನು ನೋಡುವುದಕ್ಕೆಂದೇ ಒಬ್ಬಳು ಪೋಲೆಂಡ್ ದೇಶದಿಂದ ಕೊಳ್ಳೇಗಾಲಕ್ಕೆ ಬಂದು ನಮ್ಮ ಮನೆಯಲ್ಲೇ ಒಂದು ತಿಂಗಳು ಇದ್ದಳೆಂದರೆ ನನ್ನ ಪಾಡು ಏನಾಗಿರಬೇಕು, ನೀವೇ ಊಹಿಸಿ.

ಅವಳ ಹೆಸರು ಮಾರ್ತಾ. ನಮ್ಮ ಬೀದಿಯವರ ಬಾಯಲ್ಲಿ ಎರಡೇ ದಿನಕ್ಕೆ ಮಾರ್ತಮ್ಮ ಆದಳು. ಅವಳ ದೇಶದ ವಿಶ್ವವಿದ್ಯಾಲಯದಲ್ಲಿ ದೊಡ್ಡ ಓದು ಓದುತ್ತಿದ್ದಳು. ನಮ್ಮ ಕಡೆ ಹೆಂಗಸರಿಗೆ ಬಸ್ಸು ಬಿಟ್ಟಿ ಆದಮೇಲೆ ಅವರು ಎಲ್ಲೆಲ್ಲಿಗೆ ಹೋಗುತ್ತಾರೆ, ಯಾಕೆ ಹೋಗುತ್ತಾರೆ ಅನ್ನುವುದು ಅವಳ ಸಂಶೋಧನೆ. ಹನೂರಿನಲ್ಲಿ ಒಬ್ಬರು, ಯಳಂದೂರಿನಲ್ಲಿ ಒಬ್ಬರು, ಕೊಳ್ಳೇಗಾಲದಲ್ಲಿ ಒಬ್ಬರು, ಹೀಗೆ ಮೂವರು ಗೃಹಿಣಿಯರ ಮನೆಯಲ್ಲಿ ಒಂದೊಂದು ತಿಂಗಳು ಇದ್ದು, ಅವರು ಹೋದಲ್ಲೆಲ್ಲ ಹಿಂದೆ ಹೋಗಿ ಬರೆಯುವುದು. ಹನೂರು, ಯಳಂದೂರು ಮುಗಿದಿದ್ದವು. ನಮ್ಮ ಯಜಮಾನರು ಕಾಲೇಜಿನಲ್ಲಿ ಗುಮಾಸ್ತರು. ಅಲ್ಲಿನ ಮೇಷ್ಟರೊಬ್ಬರು, "ನಿಮ್ಮ ಮಗಳು ಮದುವೆಯಾದ ಮೇಲೆ ಮೇಲಿನ ಕೋಣೆ ಖಾಲಿ ಇದೆಯಲ್ಲಾ" ಎಂದರಂತೆ. ಇವರು ಹೂಂ ಎಂದರಂತೆ. ಕೊಳ್ಳೇಗಾಲದ ಗೃಹಿಣಿ ನಾನಾಗಿ ಆಯ್ಕೆಯಾದದ್ದು ಹೀಗೆ. ನನ್ನನ್ನು ಒಂದು ಮಾತು ಕೇಳಿದ್ದರೆ ಆಗಲೇ ಹೇಳಿಬಿಡುತ್ತಿದ್ದೆ, ನಾನು ಎಲ್ಲಿಗೂ ಹೋಗುವವಳಲ್ಲ ಎಂದು.

ನಿಜಕ್ಕೂ ನಾನು ಹೋಗುವವಳಲ್ಲ. ತರಕಾರಿ ಗಾಡಿ ಬಾಗಿಲಿಗೆ ಬರುತ್ತದೆ. ದೇವಸ್ಥಾನ ಬೀದಿಯ ಕೊನೆಯಲ್ಲೇ ಇದೆ, ಅದೂ ದೇವರ ದಯೆಯೇ. ಬಸ್ಸು ಬಿಟ್ಟಿಯಾದಾಗ ಖುಷಿಪಟ್ಟಿದ್ದೆ, ಆದರೆ ಅದು ಮಳೆಗಾಲ ಚೆನ್ನಾಗಾಯಿತು ಎಂದು ಹೊಲವಿಲ್ಲದವರು ಖುಷಿಪಡುವಂಥ ಖುಷಿ.

ಬಂದ ಮೊದಲ ದಿನವೇ ಮಾರ್ತಾ ನನ್ನ ಮುಂದೆ ಕೂತು ಕೈಮುಗಿದಳು. ಅವಳು ಕನ್ನಡವನ್ನು ಪುಸ್ತಕದಿಂದಲೇ ಕಲಿತವಳು. "ಅಮ್ಮಾ, ನಾನು ಇಲ್ಲಿ ಇಲ್ಲವೆಂದೇ ಭಾವಿಸಿರಿ. ತಾವು ಪ್ರತಿದಿನ ಏನು ಮಾಡುವಿರೋ ಅದನ್ನೇ ಮಾಡಿರಿ" ಎಂದಳು. ನಮ್ಮ ಬಾಗಿಲಿನ ತೊಲೆಗೆ ದಿನಕ್ಕೆರಡು ಬಾರಿ ಹಣೆ ತಾಗಿಸಿಕೊಳ್ಳುವಷ್ಟು ಎತ್ತರದ ಹುಡುಗಿಯನ್ನು ಇಲ್ಲವೆಂದು ಹೇಗೆ ಭಾವಿಸುವುದು. ಮೊದಲ ವಾರ ನಾನು ಮಾಡುವುದನ್ನೇ ಮಾಡಿದೆ, ಅಂದರೆ ಮನೆಯಲ್ಲೇ ಇದ್ದೆ. ಅವಳು ಜಗಲಿಯ ಮೇಲೆ ಚಪ್ಪಲಿ ಹಾಕಿಕೊಂಡು, ಚೀಲ ಹೆಗಲಿಗೇರಿಸಿಕೊಂಡು, ಮೊಬೈಲು ಕೈಯಲ್ಲಿ ಹಿಡಿದು ಕಾದಳು. ನಾನು ಅಕ್ಕಿ ಆರಿಸಿದೆ. ಅವಳು ಕಾದಳು. ನಾನು ಸೆರಗಿನಲ್ಲಿ ಕೈ ಒರೆಸಿಕೊಂಡು ಎದ್ದರೆ ಅವಳೂ ಎದ್ದು ನಿಲ್ಲುತ್ತಿದ್ದಳು. ನಾನು ಎದ್ದದ್ದು ಹಾಲು ಉಕ್ಕುತ್ತಿದೆಯೆಂದು ಗೊತ್ತಾದರೆ ಮತ್ತೆ ಕೂರುತ್ತಿದ್ದಳು. "ಅಮ್ಮಾ, ಇಂದು ತಾವು ಎಲ್ಲಿಗಾದರೂ ಪ್ರಯಾಣಿಸುವಿರಾ?" "ಇಲ್ಲಮ್ಮ." ಆಗ ಅವಳ ಮುಖ ಬಾಡುತ್ತಿತ್ತಲ್ಲ, ಅದನ್ನು ನೋಡಲಾಗುತ್ತಿರಲಿಲ್ಲ. ಎಲೆ ಹಾಕಿ ಕೂರಿಸಿ ಅನ್ನ ಬಡಿಸದೆ ಬಿಟ್ಟಂತೆ ನನಗೆ ಸಂಕಟವಾಗುತ್ತಿತ್ತು.

ಅವಳೇ ಹೇಳಿದ್ದಳು: ಈ ತಿಂಗಳ ಬರಹ ಅವಳ ಗುರುಗಳಿಗೆ ಒಪ್ಪಿಗೆಯಾಗಬೇಕು, ಆಗದಿದ್ದರೆ ಓದಿಗೆ ಕೊಡುವ ವೇತನ ನಿಲ್ಲುತ್ತದೆ, ಪದವಿಯಿಲ್ಲದೆ ಊರಿಗೆ ಹೋಗಿ ಅವಳ ಅತ್ತೆಯ ಬ್ರೆಡ್ಡಿನ ಅಂಗಡಿಯಲ್ಲಿ ಕೂರಬೇಕು. ಆ ಅತ್ತೆ ಹೇಗಿದ್ದಾಳೆಂದು ಫೋಟೋ ತೋರಿಸಿದಳು. ನೋಡಿದ ಮೇಲೆ ನನಗೆ ತಡೆಯಲಾಗಲಿಲ್ಲ. ಆ ಮಂಗಳವಾರ ಪೂಜೆ ಮುಗಿಸಿ, "ನಡಿಯಮ್ಮ, ನಾನು ಪ್ರತಿ ಮಂಗಳವಾರ ಯಳಂದೂರಿಗೆ ತಂಗಿ ಮನೆಗೆ ಹೋಗ್ತೀನಿ" ಎಂದುಬಿಟ್ಟೆ. ಹುಡುಗಿಯ ಮುಖ ದೀಪ ಹಚ್ಚಿದಂತಾಯಿತು.

ಯಳಂದೂರಿನಲ್ಲಿ ನನ್ನ ತಂಗಿ ಮಾದೇವಿ ಹಿತ್ತಲಲ್ಲಿ ಪಾತ್ರೆ ಉಜ್ಜುತ್ತಿದ್ದವಳು ನನ್ನನ್ನು ನೋಡಿದ ಕೂಡಲೇ ಬೂದಿಗೈಯಲ್ಲೇ ಓಡಿಬಂದಳು. "ಯಾರಕ್ಕಾ? ಯಾರ್ ಓಗ್ಬುಟ್ರು?"

"ಯಾರೂ ಹೋಗಿಲ್ಲ ಕಣೆ. ಸುಮ್ಮನೆ ಬಂದೆ."

"ಸುಮ್ನೆ ಬಂದ್ಯಾ? ನೀನಾ? ಭಾವ್ನೋರ್ ಜೊತೆ ಜಗಳ ಆಡ್ಕಂಡು ಬಂದಿದ್ದಯಾ, ನಿಜ ಏಳು."

ಹಿಂದೆ ಮಾರ್ತಾ ನಿಂತು ಮೊಬೈಲಿನಲ್ಲಿ ಬೆರಳಾಡಿಸುತ್ತಿದ್ದಳು. ಪ್ರತಿ ಮಂಗಳವಾರ ಬರುವ ಅಕ್ಕನನ್ನು ತಂಗಿ ಹೀಗೇಕೆ ಎದುರುಗೊಳ್ಳುತ್ತಾಳೆಂದು ಅವಳಿಗೆ ಹೊಳೆಯಲಿಲ್ಲ, ಅದು ನನ್ನ ಪುಣ್ಯ. ನಾನು ತಂಗಿಗೆ ಕಣ್ಣು ಮಿಟುಕಿಸಿದೆ. ಅವಳು ನನ್ನ ಕಣ್ಣಿಗೇನೋ ಬಿದ್ದಿದೆಯೆಂದು ಊದಲು ಬಂದಳು.

ಒಂದು ಸಲ ಶುರುವಾದದ್ದು ನಿಲ್ಲಬೇಕಲ್ಲ. ಮಂಗಳವಾರಕ್ಕೆ ಯಳಂದೂರಾದರೆ ಬುಧವಾರ ಸುಮ್ಮನಿರುವುದು ಹೇಗೆ. ಮಧುವನಹಳ್ಳಿಯ ನೆಂಟರ ಮನೆಗೆ ಹೋಗಿ ಬಂದೆ. ಅಮಾವಾಸ್ಯೆಗೆ ಮಾದಪ್ಪನ ಬೆಟ್ಟಕ್ಕೆ ಹೋಗಿ ಬಂದೆ. ಬಸ್ಸಿನಲ್ಲಿ ನಿಲ್ಲಲು ಜಾಗವಿರಲಿಲ್ಲ, ತಿರುವಿನಲ್ಲೆಲ್ಲ ಮಾರ್ತಾಳ ತಲೆ ಮೇಲಿನ ಕಂಬಿಗೆ ಡಣ್ ಎನ್ನುತ್ತಿತ್ತು. ನನಗೆ ಬಿಟ್ಟಿ, ಅವಳಿಗೆ ಟಿಕೇಟು, ಪೆಟ್ಟೂ ಅವಳಿಗೇ. ಮನೆಯಲ್ಲಿ ಯಜಮಾನರು ಬೆಳಗಿನ ಉಪ್ಪಿಟ್ಟನ್ನೇ ರಾತ್ರಿಯೂ ತಿಂದರು. "ಈ ಮನೇಲಿ ಒಲೆ ಅನ್ನೋದೊಂದಿತ್ತು, ಅದನ್ನೂ ಬಸ್ಸಲ್ಲಿ ತಗಂಡೋದ್ಯಾ?" ಎಂದರು. ಹುಡುಗಿಯ ಓದಿನ ವಿಷಯ ಎಂದೆ. "ಓದೋದು ಅವಳು, ಹಸ್ಕಳಾದು ನಾನು" ಎಂದರು. ಅದರಲ್ಲಿ ತಪ್ಪು ಹುಡುಕಲು ನನಗೂ ಆಗಲಿಲ್ಲ.

ನೆಂಟರ ಪಟ್ಟಿ ಮುಗಿಯುತ್ತ ಬಂದಾಗ ಶಾಗ್ಯದಲ್ಲಿರುವ ಪುಟ್ಟಸ್ವಾಮಿ ಭಾವ ನೆನಪಾದರು. ಯಜಮಾನರ ದೊಡ್ಡಪ್ಪನ ಮಗ. ಅವರ ಮನೆಗೆ ನಾನು ಕೊನೆಯ ಸಲ ಹೋದದ್ದು ಯಾವಾಗೆಂದು ಅವರಿಗೂ ನನಗೂ ನೆನಪಿಲ್ಲ. ಹನೂರಿಗೆ ಹೋಗಿ, ಅಲ್ಲಿ ಬಿಸಿಲಿನಲ್ಲಿ ಕಾದು, ಇನ್ನೊಂದು ಬಸ್ಸು ಹಿಡಿದು ಹೋದೆವು. ಭಾವ ನೀರು ಕೊಡಿಸಿದರು, ಬೆಲ್ಲ ಕೊಡಿಸಿದರು. ಆಮೇಲೆ ಗಂಟಲು ಸರಿಮಾಡಿಕೊಂಡು, "ಉಣಸೆ ಮರದ್ ಇಚಾರ್ವಾ ಅವ್ವ?" ಎಂದರು.

"ಯಾವ ಹುಣಸೆ ಮರ ಭಾವ?"

"ಅದೇ ಗಡಿ ಮೇಲಿಂದು. ಪಾಲು ಕೇಳಾಕೆ ತಮ್ಮ ನಿನ್ನ ಕಳ್ಸವ್ನೆ ಅಂತ ನಂಗೊತ್ತು. ಅಳ್ತೆ ಮಾಡಾಕೆ ಈ ಎಣ್ಮಗಳ್ನೂ ಕರ್ಕಬಂದಿದ್ದೀಯ. ಫಾರಿನ್ನೋರ್ನ ಕರ್ಕಬರೋವಂತದ್ದು ಆ ಮರ್ದಲ್ಲಿ ಏನೈತವ್ವ?"

ಅಂಥದೊಂದು ಮರವಿದೆಯೆಂದು ನನಗೆ ಗೊತ್ತಾದದ್ದೇ ಆಗ. ಎಷ್ಟು ಹೇಳಿದರೂ ನಂಬದೆ, ಹೊರಡುವಾಗ ಒಂದು ಚೀಲ ಹುಣಸೆಹಣ್ಣು ಹೊರಿಸಿ, "ಇದ್ನ ಇಲ್ಗೇ ಮುಗ್ಸಾವ" ಎಂದು ಕೈಮುಗಿದರು. ಮಾರ್ತಾ ಅದನ್ನು ಹೊತ್ತುಕೊಂಡು ಬಸ್ಸು ಹತ್ತಿದಳು. ಮಂಡಿ ಹಿಡಿದುಕೊಂಡು ಕಿಟಕಿ ಪಕ್ಕ ಕೂತ ನಾನು, ಕೂರಲು ಜಾಗ ಸಿಕ್ಕಿದ್ದಕ್ಕೆ ಮಾದಪ್ಪನಿಗೆ ಅಲ್ಲೇ ಒಂದು ಕೈಮುಗಿದೆ.

ಸುಳ್ಳು ಬಯಲಾದದ್ದು ನಮ್ಮ ಪಕ್ಕದ ಮನೆಯ ಚಿಕ್ಕತಾಯಮ್ಮನಿಂದ. ಒಂದು ಬೆಳಿಗ್ಗೆ ನಾವು ಹೊರಟು ನಿಂತಿದ್ದೆವು. ಅವರು ಗೇಟಿನ ಮೇಲೆ ಮೊಣಕೈಯೂರಿ, "ಇವತ್ಯಾವ್ ಊರು ಮಾರ್ತಮ್ಮ? ನೀನ್ ಬಂದಿದ್ದೇ ಬಂದಿದ್ದು, ನಮ್ಮಕ್ಕುಂಗೆ ಚಕ್ರ ಬಂದ್ಬುಡ್ತು. ನೀ ಬರೋಗಂಟ ಬೀದಿ ಕೊನೇ ದೇವಸ್ಥಾನ ಬುಟ್ರೆ ಎಲ್ಗೂ ಓಯ್ತಿರ್ನಿಲ್ಲ ಕಣವ್ವ ಇವ್ರು" ಎಂದರು. ಕೆಟ್ಟ ಮನಸ್ಸಿನಿಂದಲ್ಲ, ನನ್ನನ್ನು ಹೊಗಳುತ್ತಿದ್ದೇನೆಂದೇ ಅವರು ತಿಳಿದಿದ್ದರು.

ಮಾರ್ತಾ ಚೀಲವನ್ನು ಜಗಲಿಯ ಮೇಲಿಟ್ಟಳು. "ಅಮ್ಮಾ, ಇದು ಸತ್ಯವೇ?"

"ಅಲ್ಲಮ್ಮ, ನೀನು ಅಷ್ಟು ದೂರದಿಂದ ಬಂದೆ. ಬರಿಗೈಯಲ್ಲಿ ಕೂತಿದ್ದೆ..."

ಅವಳು ಬಯ್ಯಲಿಲ್ಲ, ಅಳಲೂ ಇಲ್ಲ. ಅದೇ ಕಷ್ಟವಾಯಿತು. ಸುಮ್ಮನೆ ಮೊಬೈಲು ತೆಗೆದು ಹನೂರಿನ ಗೃಹಿಣಿಗೆ ಫೋನು ಹಚ್ಚಿ, ನನಗೂ ಕೇಳುವಂತೆ ಇಟ್ಟಳು. ಕೇಳಿದ ಪ್ರಶ್ನೆ ಒಂದೇ, "ತಾವೂ ನನಗಾಗಿಯೇ ಪ್ರಯಾಣಿಸಿದಿರಾ?" ಆ ಕಡೆಯಿಂದ ಒಂದು ಗಟ್ಟಿ ದನಿ ಬಂತು: "ಊ ಕಣವ್ವ. ನೀನ್ ಮೊಕ ಸಣ್ಣುಕ್ ಮಾಡ್ಕಂಡು ಜಗಲೀಲಿ ಕೂತ್ಕಂಡ್ರೆ ನಾನ್ ಮನೇಲಿ ಎಂಗಿರ್ಲಿ? ನಿನ್ ಓದು ಕೆಟ್ಟೋದ್ರೆ ಆ ಪಾಪ ಯಾರ್ಗೆ? ನನ್ ಸೊಂಟ ಇನ್ನೂ ಸರ್ಯಾಗಿಲ್ಲ, ಇರ್ಲಿ ಬುಡು." ಯಳಂದೂರಿನವರೂ ಹೆಚ್ಚುಕಡಿಮೆ ಅದನ್ನೇ ಹೇಳಿದರು, ಜೊತೆಗೆ, ಮುಂದಿನ ಸಲ ಬಂದರೆ ದೂರದ ದೇವಸ್ಥಾನಗಳಿಗೂ ಕರೆದುಕೊಂಡು ಹೋಗುವುದಾಗಿ ಮಾತು ಕೊಟ್ಟರು. ಮೂರು ತಿಂಗಳ ಸಂಶೋಧನೆಯಲ್ಲಿ ಆ ಹುಡುಗಿ ಕಂಡುಹಿಡಿದದ್ದು ತನ್ನ ಮುಖವೊಂದನ್ನೇ ಎಂದಾಯಿತು.

ಅವತ್ತು ಅವಳು ಊಟಕ್ಕೂ ಇಳಿದು ಬರಲಿಲ್ಲ. ದೇವರ ಮುಂದೆ ಕೂತರೆ ನನಗೆ ಬ್ರೆಡ್ಡಿನ ಅಂಗಡಿಯ ಅತ್ತೆಯೇ ಕಾಣುತ್ತಿದ್ದಳು. ಸಂಜೆ ಮಾರ್ತಾ ಕೆಳಗೆ ಬಂದು, ಗುರುಗಳ ಜೊತೆ ಮಾತಾಡಿದೆ ಎಂದಳು. "ಅವರು ತುಂಬ ಕೋಪಗೊಂಡಿದ್ದಾರೆ. ಒಂದು, ಕೇವಲ ಒಂದು ನಿಜವಾದ ದಿನ ತಂದರೆ ಮುಂದೆ ಯೋಚಿಸುವೆ ಎಂದಿದ್ದಾರೆ. ಅಮ್ಮಾ, ನಾಳೆ ನಾನು ಕೋಣೆಯಿಂದ ಹೊರಗೆ ಬರುವುದಿಲ್ಲ. ತಾವು ಹೋದರೂ ಸರಿ, ಹೋಗದಿದ್ದರೂ ಸರಿ. ಸಂಜೆ ನನಗೆ ಸತ್ಯ ಹೇಳಿರಿ."

ಮರುದಿನ ದೀಪ ಹಚ್ಚಿ ಮಾದಪ್ಪನ ಮೇಲೆ ಆಣೆ ಇಟ್ಟುಕೊಂಡೆ, ಮನಸ್ಸು ಹೇಳಿದ್ದನ್ನಷ್ಟೇ ಮಾಡುತ್ತೇನೆಂದು. ಇಷ್ಟು ದಿನ ತಿರುಗಿ ಸಾಕಾಗಿತ್ತು. ಮನಸ್ಸು ಮನೆಯಲ್ಲೇ ಇರು ಎನ್ನುತ್ತದೆಂದುಕೊಂಡಿದ್ದೆ. ಅದು ಚಪ್ಪಲಿ ಹಾಕಿಕೋ ಎಂದಿತು. ಯಜಮಾನರಿಗೆ, ತಂಗಿ ಮನೆಗೆ ಹೋಗುತ್ತೇನೆಂದು ಹೇಳಿ ಹೊರಟೆ. ಹಾಗೇ ಅಂದುಕೊಂಡೂ ಇದ್ದೆ. ಬಸ್ ಸ್ಟ್ಯಾಂಡಿನಲ್ಲಿ ಯಳಂದೂರಿನ ಬಸ್ಸು ಬಂತು. ಜನ ನುಗ್ಗಿದರು, ಮುಂದಿನದಕ್ಕೆ ಹೋಗೋಣ ಎಂದು ಕೂತೆ. ಮುಂದಿನದು ಖಾಲಿಯೇ ಬಂತು. ನಾನು ಏಳಲಿಲ್ಲ. ಮೇಲೆ ಫ್ಯಾನು ತಿರುಗುತ್ತಿತ್ತು. ಒಂದು ಪೊಟ್ಟಣ ಬೇಯಿಸಿದ ಕಡಲೆಕಾಯಿ ಕೊಂಡೆ. ರೇಷ್ಮೆಗೂಡಿನ ಚೀಲದ ಮೇಲೆ ಒಬ್ಬ ನಿದ್ದೆ ಮಾಡುತ್ತಿದ್ದ. ಒಬ್ಬಳು ತಾಯಿ ಮಗುವಿಗೆ ತಮಿಳಿನಲ್ಲಿ ಬೈದು ಕನ್ನಡದಲ್ಲಿ ಮುದ್ದಿಸುತ್ತಿದ್ದಳು. ಸಾರು ಏನು, ಬೀಗದ ಕೈ ಎಲ್ಲಿ, ಅಂಗಿಗೆ ಗುಂಡಿ ಹಾಕಿದ್ಯಾ ಎಂದು ಯಾರೂ ನನ್ನನ್ನು ಕೇಳಲಿಲ್ಲ. ಬಸ್ಸು ಕಾಯುತ್ತಿರುವ ಹೆಂಗಸನ್ನು ಯಾರೂ ಏನೂ ಕೇಳುವುದಿಲ್ಲವೆಂಬ ಸಂಗತಿ ಇಷ್ಟು ವರ್ಷ ನನಗೆ ಯಾರೂ ಹೇಳಿರಲಿಲ್ಲ. ಬಿಸಿಲು ಇಳಿಯುವ ತನಕ ಕೂತಿದ್ದು ಮನೆಗೆ ಬಂದೆ. "ತಂಗಿ ಎಂಗವ್ಳೆ?" ಎಂದರು ಯಜಮಾನರು. "ಚೆನ್ನಾಗವ್ಳೆ" ಎಂದೆ. ಅವಳು ಚೆನ್ನಾಗಿಯೇ ಇದ್ದಳು, ಬೆಳಿಗ್ಗೆ ಫೋನಿನಲ್ಲಿ ಮಾತಾಡಿದ್ದೆ.

ಮಹಡಿ ಹತ್ತಿ ಮಾರ್ತಾಗೆ ಮಾತ್ರ ಇದ್ದದ್ದನ್ನು ಇದ್ದಂತೆ ಹೇಳಿದೆ. ಎಲ್ಲಿಗೂ ಹೋಗಲಿಲ್ಲ, ಕೂತಿದ್ದೆ, ಕಡಲೆಕಾಯಿ ತಿಂದೆ, ಕ್ಷಮಿಸಮ್ಮ ಎಂದೆ. ಅವಳು ಎದ್ದು ನನ್ನನ್ನು ತಬ್ಬಿಕೊಂಡ ರಭಸಕ್ಕೆ ನನ್ನ ಕನ್ನಡಕ ಸೊಟ್ಟಗಾಯಿತು. ಅದನ್ನೇ ಬರೆದು ಕಳಿಸಿದ್ದಕ್ಕೆ ಗುರುಗಳು ಒಪ್ಪಿದರಂತೆ. ಬರೀ ಒಪ್ಪಿದ್ದಲ್ಲ, ಇದರ ಮೇಲೇ ಇಡೀ ಪುಸ್ತಕ ಬರೆಯಬಹುದು ಎಂದರಂತೆ. ಬ್ರೆಡ್ಡಿನ ಅಂಗಡಿ ತಪ್ಪಿತು, ಅದಕ್ಕೆ ನಾನು ಈಗಲೂ ದೇವರಿಗೆ ಕೈಮುಗಿಯುತ್ತೇನೆ. ಆದರೆ ಬೆಟ್ಟ ಹತ್ತಿದ್ದು, ತಂಗಿ ಮನೆಗೆ ಹೋದದ್ದು, ಎಲ್ಲವನ್ನೂ ಹೊಡೆದುಹಾಕಿ, ಪೋಲೆಂಡಿನವರು ಓದುವುದಕ್ಕೆ ನಾನು ಕಡಲೆಕಾಯಿ ಸಿಪ್ಪೆ ಸುಲಿಯುತ್ತಾ ಕೂತದ್ದನ್ನು ಮಾತ್ರ ಉಳಿಸಿಕೊಂಡಳಲ್ಲ, ಅದು ನ್ಯಾಯವೇ?

ಅಷ್ಟಕ್ಕೇ ಮುಗಿದಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಹೊರಡುವ ದಿನ, ಕೃತಜ್ಞತೆಯೆಂದು, ಆ ಭಾಗವನ್ನು ಕನ್ನಡಕ್ಕೆ ತಂದು ಎಲ್ಲರೆದುರು ಗಟ್ಟಿಯಾಗಿ ಓದಿದಳು. "ಗೃಹಿಣಿಯು ಬಸ್ಸನ್ನು ಏರಲಿಲ್ಲ. ಅವಳು ಸುಖವಾಗಿ ಕುಳಿತಿದ್ದಳು." ಯಜಮಾನರು ನನ್ನ ಕಡೆ ತಿರುಗಿದರು. "ಕೂತಿದ್ದ್ಯಾ? ಯಾರ್ ಜೊತೆ?" "ಯಾರ ಜೊತೆಯೂ ಅಲ್ಲ." "ಮತ್ಯಾಕೆ?" ಚಿಕ್ಕತಾಯಮ್ಮನಿಗೆ ಬೇರೆಯೇ ನೋವು. "ಸುಮ್ನೆ ಕೂತ್ಕಳಾಕೆ ಓಗಿದ್ರಾ? ನನ್ನೂ ಕರ್ದಿದ್ರೆ ಮಾತಾಡ್ಕಂಡ್ ಕೂತಿರ್ತಿದ್ವಲ್ಲಕ್ಕಾ" ಎಂದರು.

ಈಗ ನಾನು ಬಸ್ ಸ್ಟ್ಯಾಂಡಿನ ಕಡೆ ಮುಖ ಮಾಡಿದರೆ ಅವರು ತಲೆ ಬಾಚಿಕೊಂಡು ಗೇಟಿನಲ್ಲಿ ನಿಂತಿರುತ್ತಾರೆ. ಯಜಮಾನರೂ ಒಂದು ದಿನ ಕಾಲೇಜಿನಿಂದ ಬರುವಾಗ ಆ ಕಡೆ ಹಾದು, ಕಂಬದ ಮರೆಯಿಂದ ಇಣುಕಿ ನೋಡಿ ಹೋದರಂತೆ. ಹಾಗಾಗಿ ನಾನು ಬೇರೆ ಜಾಗ ಹುಡುಕಿಕೊಂಡಿದ್ದೇನೆ. ಅದು ಎಲ್ಲಿ ಎಂದು ಮಾತ್ರ ಯಾರಿಗೂ ಹೇಳುವುದಿಲ್ಲ, ಬರೆಯುವುದೂ ಇಲ್ಲವೆಂದು ತೀರ್ಮಾನಿಸಿಯೇ ಇದನ್ನು ಬರೆಯಲು ಕೂತೆ. ಆದರೆ ಪಾಪ, ನೀವು ಇಲ್ಲಿಯವರೆಗೆ ಓದಿಕೊಂಡು ಬಂದಿದ್ದೀರಿ. ನಿಮ್ಮ ಮುಖ ಬಾಡುವುದು ನನಗೆ ಇಲ್ಲಿಂದಲೇ ಕಾಣುತ್ತಿದೆ. ಸರಿ, ಹನೂರಿನ ರಸ್ತೆಯಲ್ಲಿದೆ. ಅಲ್ಲೂ ಫ್ಯಾನಿದೆ.