ಹೆಂಡತಿಯ ಊರಿನಲ್ಲಿ ನಾನು ಅತಿಥಿಯಾದ ಪ್ರಸಂಗ

ನಾನು ಒಂದು ನಿರ್ಧಾರ ಮಾಡಿದೆನೆಂದರೆ ಸುಂಬಿಂಗ್ ಪರ್ವತವೇ ಅಡ್ಡ ಬಂದರೂ ಅದು ಒಂದು ಮಗ್ಗುಲಿಗೆ ಸರಿದು ನಿಲ್ಲಬೇಕು. ನಾನಂತೂ ಸರಿಯುವವನಲ್ಲ! ಸೆಮಾರಂಗಿನ ದೊಡ್ಡ ಹೋಟೆಲೊಂದರಲ್ಲಿ ಔತಣಕೂಟಗಳ ಮ್ಯಾನೇಜರಾಗಿ, ಮಂತ್ರಿಗಳ ಮಕ್ಕಳ ಮದುವೆಗಳನ್ನೆಲ್ಲ ನಿಭಾಯಿಸಿ ನಿವೃತ್ತನಾದ ಸಂಜೆಯೇ ಹೆಂಡತಿ ಪರ್ಯಂತಿಯ ಮುಂದೆ ನನ್ನ ಮಹಾಸಂಕಲ್ಪವನ್ನು ಘೋಷಿಸಿದೆ.

"ನಿನ್ನ ತವರೂರಿಗೆ ಹೋಗೋಣ. ನಿಮ್ಮಮ್ಮನ ಜಾಗದಲ್ಲಿ ಮೂರು ಕಾಟೇಜ್ ಕಟ್ಟಿಸ್ತೀನಿ. ಪಟ್ಟಣದೋರು ಮಂಜು ನೋಡೋಕೆ ಬಂದು ಬೀಳ್ತಾರೆ. ಆ ಊರಿಗೆ ಇಷ್ಟು ವರ್ಷ ಬಂದಿರೋದು ಕೋಸು, ಹೊಗೆಸೊಪ್ಪು, ನೆಗಡಿ, ಇಷ್ಟೇ. ಇನ್ಮೇಲೆ ಬಂಡವಾಳ ಬರುತ್ತೆ."

"ಬಂಡವಾಳ ಬರೋದಿರ್ಲಿ. ನಾನು ಬಂದೆ ಅಂತ ಊರಿಗೆ ಅನ್ನಿಸಿದ್ರೆ ಸಾಕು," ಎಂದಳು ಪರ್ಯಂತಿ.

ಆ ಮಾತನ್ನು ನಾನು ಆಗ ಕಿವಿಗೆ ಹಾಕಿಕೊಳ್ಳಲಿಲ್ಲ. ಮದುವೆಯಾಗಿ ಊರು ಬಿಟ್ಟ ಮೇಲೆ ಅವಳು ಸೆಮಾರಂಗಿನಲ್ಲಿ ಬರೀ 'ಬು ಹರ್ಸೋಯೊ' ಆಗಿದ್ದಳು. ಹರ್ಸೋಯೊ ಎಂದರೆ ನಾನು, ಬು ಎಂದರೆ ಅಮ್ಮಾವ್ರು. ತನ್ನ ಕಾಲಿಜರಕ್ ಊರಿನಲ್ಲಿ ಅವಳಿಗೆ ಮತ್ತೆ ಪರ್ಯಂತಿ ಆಗಬೇಕಿತ್ತು. ಹಳೆಯ ಗೆಳತಿಯರ ನಡುವೆ ಮಣೆ ಹಾಕಿಕೊಂಡು ಕೂತು, ಈರುಳ್ಳಿ ಹೆಚ್ಚುತ್ತ, ಅಲ್ಲಿಲ್ಲದವರನ್ನೆಲ್ಲ ಆಡಿಕೊಳ್ಳಬೇಕಿತ್ತು. ಅವಳು ಕೇಳಿದ್ದು ಇಷ್ಟೇ. ಅದನ್ನೂ ನಾನು ಹಾಳು ಮಾಡಿದೆ. ಹೇಗೆಂದು ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ.

ಕಾಟೇಜುಗಳು ಎದ್ದು ನಿಂತವು. ಮೂರಕ್ಕೂ ಸುಂಬಿಂಗ್ ಪರ್ವತದ ಕಡೆಗೇ ದೊಡ್ಡ ಗಾಜಿನ ಕಿಟಕಿ. ಮಂಜಿದ್ದಾಗ ಪರ್ವತ ಕಾಣುವುದಿಲ್ಲ, ಮಂಜಿಲ್ಲದ ಹೊತ್ತು ನಮ್ಮಲ್ಲಿಲ್ಲ, ಅದು ಬೇರೆ ಮಾತು. ಇನ್ನು ಉಳಿದದ್ದು ಸ್ಲಮೆತಾನ್. ಹೊಸ ಕೆಲಸ ಶುರುವಾಗುವಾಗ ಊರಿನವರು ಬಂದು ಪ್ರಾರ್ಥಿಸಿ, ಊಟವನ್ನು ಒಂದಿಷ್ಟು ಅಲ್ಲೇ ತಿಂದು ಒಂದಿಷ್ಟು ಕಟ್ಟಿಕೊಂಡು ಹೋಗಬೇಕು. ಅದಿಲ್ಲದೆ ಇಲ್ಲಿ ಕೋಳಿಗೂಡಿನ ಬಾಗಿಲು ಕೂಡ ತೆಗೆಯುವುದಿಲ್ಲ.

"ತುಗಿಯೆಮ್ ಅಜ್ಜಿಗೆ ಒಂದು ಮಾತು ಹೇಳ್ಬಿಟ್ ಬನ್ನಿ," ಎಂದಳು ಪರ್ಯಂತಿ. ಈ ತುಗಿಯೆಮ್ ಅಜ್ಜಿ ಊರಿನ ಯಾವ ಮನೆಯಲ್ಲಿ ಕಾರ್ಯವಾದರೂ ಅಡಿಗೆಮನೆಯ ಮಹಾದಂಡನಾಯಕಿ. ಅವರು ಕಣ್ಣು ಬಿಟ್ಟರೆ ಅನ್ನ ತಾನಾಗಿಯೇ ಬೇಯುತ್ತದೆ ಎಂದು ಪ್ರತೀತಿ.

"ಊಟದ ಜವಾಬ್ದಾರಿ ನನಗೆ ಬಿಟ್ಬಿಡು," ಎಂದೆ. ಅವಳು ಬಿಟ್ಟಳು. ಅದೇ ಅವಳು ಮಾಡಿದ ತಪ್ಪು.

ನಾನು ಅಜ್ಜಿಯ ಮನೆಗೆ ಹೋಗಲಿಲ್ಲ. ಔತಣಕೂಟದ ಮ್ಯಾನೇಜರನೊಬ್ಬ ತನ್ನ ಮನೆಯ ಔತಣಕ್ಕೆ ಊರ ಹೆಂಗಸರ ಕೈಯಲ್ಲಿ ತೆಂಗಿನಕಾಯಿ ತುರಿಸುವುದೇ! ಕೆಳಗಿನ ಪಟ್ಟಣದ ಕೇಟರಿಂಗಿನವರಿಗೆ ಫೋನಾಯಿಸಿದೆ. ಮ್ಯಾಕರೋನಿ, ಕೆನೆ ಹಾಕಿದ ಸಾಲಡ್, ಸೀಗಡಿ, ಎಲ್ಲ ಪೆಟ್ಟಿಗೆಗಳಲ್ಲಿ. ಮೇಲೆ ಶೋಭೆಗೆ ಐಸಿನಲ್ಲಿ ಕೆತ್ತಿದ ಒಂದು ಹಂಸ. ಮಧ್ಯಾಹ್ನವೂ ಜನ ಕತ್ತಿಗೆ ಕಂಬಳಿ ಸುತ್ತಿಕೊಂಡು ಓಡಾಡುವ ಊರಿಗೆ ಐಸು ತರಿಸಿದವನು ಕಾಲಿಜರಕ್ಕಿನ ಇತಿಹಾಸದಲ್ಲಿ ನಾನೊಬ್ಬನೇ ಇರಬೇಕು.

ಸ್ಲಮೆತಾನಿನ ದಿನ ಬೆಳಕು ಹರಿಯುತ್ತಲೇ ಪರ್ಯಂತಿ ಹೂವು ತೆಗೆದುಕೊಂಡು ಅಮ್ಮನ ಸಮಾಧಿಗೆ ಹೇಳಿಬರಲು ಗುಡ್ಡ ಹತ್ತಿದಳು. ಅವಳು ಅತ್ತ ಹೋದಳು, ಇತ್ತ ಅಂಗಳದ ತುಂಬ ಹೆಂಗಸರು! ಯಾರೂ ಕರೆದಿರಲಿಲ್ಲ. ಕಾರ್ಯದ ಮನೆಗೆ ಅಡಿಗೆಗೆ ಬರಲು ಇಲ್ಲಿ ಕರೆಯುವ ಅಗತ್ಯವೇ ಇಲ್ಲ, ಸುದ್ದಿ ಕಿವಿಗೆ ಬಿದ್ದರೆ ಸಾಕು. ಒಬ್ಬೊಬ್ಬರ ಕೈಯಲ್ಲೂ ಬಟ್ಟೆ ಸುತ್ತಿದ ಚೂರಿ. ಒಬ್ಬರ ಸೊಂಟದಲ್ಲಿ ಹಲಸಿನಕಾಯಿ, ಇನ್ನೊಬ್ಬರ ಬುಟ್ಟಿಯಲ್ಲಿ ಅಕ್ಕಿ, ಮತ್ತೊಬ್ಬರ ಕಂಕುಳಲ್ಲಿ ಗೊಣಗುತ್ತಿರುವ ಕೋಳಿ. ಮುಂದೆ ತುಗಿಯೆಮ್ ಅಜ್ಜಿ.

"ಒಲೆ ಎಲ್ಲಿ ಹೂಡೋಣ ಹರ್ಸೋಯೊ? ಹಿತ್ತಲಲ್ಲಿ ಗಾಳಿ ಜಾಸ್ತಿ."

"ಅಯ್ಯೋ ಅಜ್ಜಿ, ಒಲೆ ಯಾಕೆ? ಇವತ್ತು ನಿಮಗೆ ಯಾರಿಗೂ ಕೈಗೆ ಮಸಿ ಹತ್ತಬಾರ್ದು. ಊಟ ಪಟ್ಟಣದಿಂದ ಬರುತ್ತೆ. ನೀವೆಲ್ಲ ಅತಿಥಿಗಳು. ಕೂತ್ಕೊಳ್ಳಿ."

"ಕೂತು ಏನ್ ಮಾಡೋದು?"

"ಸುಮ್ನೆ ಕೂತ್ಕೊಳ್ಳೋದು."

ಅಜ್ಜಿ ನನ್ನನ್ನೇ ನೋಡಿದರು. ತೊಂಬತ್ತರ ಹತ್ತಿರದ ಆ ಬಾಳಿನಲ್ಲಿ ಅವರಿಗೆ ಯಾರೂ ಹೀಗೆ ಹೇಳಿದ್ದಂತೆ ಕಾಣಲಿಲ್ಲ. ನಾನು ಬಾಡಿಗೆ ಕುರ್ಚಿಗಳನ್ನು ಸಾಲಾಗಿ ಹಾಕಿ, ಎಲ್ಲರನ್ನೂ ಕೂರಿಸಿ, ಕೈಗೊಂದು ಕಿತ್ತಳೆ ಶರಬತ್ತು ಕೊಟ್ಟೆ. ಪರೀಕ್ಷೆಗೆ ಬಂದ ಮಕ್ಕಳಂತೆ ಅವರು ಮಡಿಲಲ್ಲಿ ಚೂರಿ ಇಟ್ಟುಕೊಂಡು ಕೂತರು. ಕೋಳಿ ಕೂಡ ಸುಮ್ಮನಾಯಿತು. ನನಗೋ, ಎಷ್ಟು ಶಿಸ್ತಾಗಿ ಕೂತಿದ್ದಾರಲ್ಲ ಎಂಬ ಸಂತೋಷ.

ಹಲಸಿನಕಾಯಿ, ಅಕ್ಕಿ, ಕೋಳಿ ಮೂರನ್ನೂ ನಾನೇ ಎತ್ತಿ ಅವರವರ ಕೈಗೆ ಹಿಂದಕ್ಕೆ ಕೊಟ್ಟೆ. "ಮನೆಗೇ ತಗೊಂಡು ಹೋಗಿ, ನಿಮಗೇ ಆಗುತ್ತೆ," ಎಂದು ಔದಾರ್ಯ ತೋರಿಸಿದೆ. ಸ್ವಲ್ಪ ಹೊತ್ತಿಗೆ ಒಬ್ಬರು ಎದ್ದು ಆಡಿಗೆ ಸೊಪ್ಪು ಹಾಕಬೇಕು ಎಂದರು. ಇನ್ನೊಬ್ಬರಿಗೆ ಒಲೆ ಉರಿಯುತ್ತಿರುವುದು ಜ್ಞಾಪಕವಾಯಿತು. ಊರಿನ ಎಲ್ಲ ಆಡುಗಳಿಗೂ ಒಟ್ಟಿಗೇ ಹಸಿವಾಯಿತು. ಅಂಗಳ ಖಾಲಿ. ಕೊನೆಗೆದ್ದ ಅಜ್ಜಿ, "ಬರ್ತೀವಿ ಪಾ ಹರ್ಸೋಯೊ," ಎಂದರು. ಪಾ ಎಂದರೆ ಯಜಮಾನರು. ಬಂದಾಗ ಬರೀ ಹರ್ಸೋಯೊ ಆಗಿದ್ದವನಿಗೆ ಬಡ್ತಿ ಸಿಕ್ಕಿತೆಂದು ನಾನು ಬೀಗಿದೆ.

ಪರ್ಯಂತಿ ಗುಡ್ಡ ಇಳಿಯುವಾಗ ಈ ಮೆರವಣಿಗೆ ಎದುರಾಗಿದೆ. ಹಲಸಿನಕಾಯಿ ಮನೆಗೆ ವಾಪಸು ಹೋಗುತ್ತಿರುವುದನ್ನು ನೋಡಿದವಳೇ ಓಡಿ ಬಂದಳು.

"ಏನ್ರೀ ಮಾಡಿದ್ರಿ?"

"ಉಪಚಾರ ಮಾಡ್ದೆ. ಶರಬತ್ತು ಕೊಟ್ಟೆ."

"ಅವ್ರು ತಂದಿದ್ದನ್ನ ವಾಪಸ್ ಕೊಟ್ರಾ?"

"ಪಾಪ, ಅವ್ರಿಗೂ ಬೇಕಲ್ವಾ?"

ಅವಳು ಬಾಗಿಲ ಮೆಟ್ಟಿಲ ಮೇಲೆ ಕೂತುಬಿಟ್ಟಳು. "ನಮ್ಮಮ್ಮ ಸತ್ತಾಗ ಈ ಮನೇಲಿ ಏಳು ದಿನ ಅನ್ನ ಮಾಡಿದ್ದು ಅವ್ರೇ ಕಣ್ರೀ," ಎಂದಳು. ಆದರೆ ನನ್ನ ಮ್ಯಾನೇಜರಗಿರಿ ಇನ್ನೂ ಇಳಿದಿರಲಿಲ್ಲ. ಊಟ ಬರಲಿ, ಎಲ್ಲ ಸರಿಹೋಗುತ್ತದೆ ಎಂದೆ.

ಊಟ ಬಂದಿತು, ವ್ಯಾನು ಬರಲಿಲ್ಲ. ಕೊನೆಯ ಏರಿನಲ್ಲಿ ಸುಟ್ಟ ವಾಸನೆ ಹೊರಡಿಸಿ ನಿಂತುಬಿಟ್ಟಿತು. ಪೆಟ್ಟಿಗೆಗಳನ್ನು ಗೊಬ್ಬರದ ತಳ್ಳುಗಾಡಿಯಲ್ಲಿ ನಾನೇ ತಳ್ಳಿದೆ. ಮತ್ತೆ ಇಳಿದು ಹಂಸವನ್ನು ಎದೆಗವಚಿಕೊಂಡು ಹತ್ತಿದೆ. ಮನೆ ಸೇರುವಷ್ಟರಲ್ಲಿ ಹಂಸ ಹಾಗೇ ಇತ್ತು, ನನ್ನ ಎದೆ ಸೆಟೆದುಕೊಂಡಿತ್ತು!

ಸಂಜೆ ಗಂಡಸರು ಬಂದರು, ಪ್ರಾರ್ಥಿಸಿದರು, ಮ್ಯಾಕರೋನಿಯನ್ನು ಒಂದೊಂದು ಚಮಚ ಬಾಯಿಗಿಟ್ಟು "ಬಹಳ ಚೆನ್ನಾಗಿದೆ ಪಾ" ಎಂದರು, ಪೆಟ್ಟಿಗೆ ಹಿಡಿದು ಹೊರಟರು. ಮರುದಿನ ಬೆಳಿಗ್ಗೆ ನಾನು ಊರಿನ ದಾರಿಯಲ್ಲಿ ನಡೆದರೆ, ಮನೆಮನೆಯ ಮುಂದೆಯೂ ಕೋಳಿಗಳು ಕೆನೆ ಸಾಲಡ್ ತಿನ್ನುತ್ತಿದ್ದವು. ಸೀಗಡಿಯನ್ನು ಅವೂ ಮುಟ್ಟಿರಲಿಲ್ಲ. ಹಂಸ ಮಾತ್ರ ನಮ್ಮ ಚಳಿಗೆ ಕರಗದೆ ಎಷ್ಟೋ ದಿನ ಅಂಗಳದಲ್ಲಿ ನಿಂತು ನನ್ನ ಮಾನ ಕಾಯಿತು.

ಆಮೇಲೆ ಶುರುವಾಯಿತು ನೋಡಿ, ಮರ್ಯಾದೆ! ಯಾರಾದರೂ ಜಗಳವಾಡಿದ್ದರೆ ಬದುಕಿಕೊಳ್ಳುತ್ತಿದ್ದೆ. ಒಬ್ಬರೂ ಒಂದು ಕೆಟ್ಟ ಮಾತಾಡಲಿಲ್ಲ. ಕಾಟೇಜಿಗೆ ಅಡಿಗೆಯವರು ಬೇಕೆಂದರೆ "ಆಗ್ಲಿ ಪಾ, ನೋಡೋಣ ಪಾ" ಎಂದು ತಲೆಬಾಗಿ ನಗುವರು, ಬರುತ್ತಿರಲಿಲ್ಲ. ಬಂದ ಪ್ರವಾಸಿಗಳಿಗೆ ನಾನೇ ಮೊಟ್ಟೆ ಹುರಿದು ಬಡಿಸಿದೆ. ಅದನ್ನು ಸಹಿಸಬಹುದಿತ್ತು. ಒಂದು ದಿನ ಪರ್ಯಂತಿ ಊಟೆಯಿಂದ ನೀರು ತಂದವಳು ಕೊಡ ಇಳಿಸಿ ಗೋಡೆಯ ಕಡೆ ತಿರುಗಿ ನಿಂತಳು.

"ನಾನು ಹೋದ ತಕ್ಷಣ ಮಾತು ನಿಲ್ಲಿಸಿಬಿಡ್ತಾರೆ. 'ಬು, ನೀವು ಮೊದ್ಲು ಹಿಡ್ಕೊಳ್ಳಿ' ಅಂತ ಜಾಗ ಬಿಡ್ತಾರೆ. ಇವ್ರ ಜೊತೆ ನಾನು ಮೂಗು ಸುರಿಸ್ಕೊಂಡು ಬೆಳ್ದಿದ್ದು ಕಣ್ರೀ. ನನ್ನ ಹೆಸರೇ ಮರ್ತೋಗಿದೆ ಅವ್ರಿಗೆ."

ನನಗೆ ತಲೆಯೆತ್ತಲಾಗಲಿಲ್ಲ. ಅವಳ ಊರನ್ನು ಅವಳಿಂದ ಕಿತ್ತುಕೊಂಡವನು ನಾನು, ಅದೂ ಒಂದು ಲೋಟ ಶರಬತ್ತು ಕೊಟ್ಟು.

ಅಷ್ಟರಲ್ಲಿ ಪಕ್ಕದ ಮನೆಯ ಸುಮರ್ಯೊನ ಮಗಳ ಮದುವೆ ಗೊತ್ತಾಯಿತು. ನೆರೆಮನೆಯ ಮದುವೆ! ಪರ್ಯಂತಿಯ ಮುಖಕ್ಕೆ ಕಳೆ ಬಂತು. ಮದುವೆಗೆ ಮೊದಲು ಸುಮರ್ಯೊ ಮನೆಮನೆಗೆ ಹೋಗಿ 'ನೀವು ಅನ್ನಕ್ಕೆ, ನೀವು ಚಹಾಕ್ಕೆ, ನೀವು ಪಾತ್ರೆಗೆ' ಎಂದು ಬಾಯಲ್ಲಿ ಕೇಳಿಕೊಳ್ಳುವುದು ಪದ್ಧತಿ. ದಿನವೂ ಅವಳು ಬಾಗಿಲಲ್ಲೇ ಕಾದಳು. ಕೊನೆಗೂ ಬಂದ. ಒಳ್ಳೆಯ ಅಂಗಿ, ತಲೆಗೆ ಟೋಪಿ. ಎರಡೂ ಕೈಯಲ್ಲಿ ಬಂಗಾರದ ಅಂಚಿನ ಕಾಗದವೊಂದನ್ನು ನೀಡಿ, ನಡುಬಗ್ಗಿಸಿ ಹೊರಟುಹೋದ.

"ನೋಡಿದ್ಯಾ?" ನಾನು ಕುಣಿದೆ. "ಅಚ್ಚು ಹಾಕಿಸಿದ ಕರೆಯೋಲೆ! ಮೇಲೆ ಪ್ಲಾಸ್ಟಿಕ್ ಹೊದಿಕೆ ಬೇರೆ. ಬೀದೀಲಿ ಇನ್ನ್ಯಾರಿಗೂ ಕೊಟ್ಟಿಲ್ಲ."

"ಯಾಕೆ ಕೊಡ್ತಾರೆ?" ಎಂದಳು ಪರ್ಯಂತಿ ತಣ್ಣಗೆ. "ಕಾಗದ ಕೊಡೋದು ಹೊರಗಿನೋರಿಗೆ."

ಆಮೇಲೆ ನಾನು ಕುಣಿಯಲಿಲ್ಲ.

ಮದುವೆಯ ದಿನ ನಮ್ಮನ್ನು ಕೈಹಿಡಿದು ಕರೆದೊಯ್ದು ಚಪ್ಪರದ ಮುಂದಿನ ಸೋಫಾದಲ್ಲಿ, ತಾಲ್ಲೂಕಿನ ಅಧಿಕಾರಿಗಳ ಪಕ್ಕ ಕೂರಿಸಿದರು. ಕೂತ ತಕ್ಷಣ ಕೈಗೆ ಶರಬತ್ತು ಬಂತು. ಪರದೆಯ ಹಿಂದಿನ ಅಡಿಗೆಮನೆಯಿಂದ ಹೆಂಗಸರ ನಗು ಅಲೆಅಲೆಯಾಗಿ ಬರುತ್ತಿತ್ತು. ನಗು ಬಂದಾಗಲೆಲ್ಲ ಪರ್ಯಂತಿಯ ಕುತ್ತಿಗೆ ಆ ಕಡೆ ತಿರುಗುತ್ತಿತ್ತು. ಕೊನೆಗೆ ತಡೆಯಲಾರದೆ ಎದ್ದು ಪರದೆ ಸರಿಸಿ ಒಳಗೆ ಹೋದಳು. ನಗು ನಿಂತಿತು. ಮರುಕ್ಷಣವೇ ಒಬ್ಬ ಹುಡುಗಿ ಅವಳ ತೋಳು ಹಿಡಿದು, ತಟ್ಟೆಯ ತುಂಬ ಅಂಟಕ್ಕಿಯ ಸಿಹಿಯೊಂದಿಗೆ ತಂದು ಮತ್ತೆ ಸೋಫಾದಲ್ಲಿ ಕೂರಿಸಿದಳು.

"ಬು ದಾರಿ ತಪ್ಪಿ ಒಳಗೆ ಬಂದಿದ್ರು ಪಾ," ಎಂದಳು ಹುಡುಗಿ ವಿನಯದಿಂದ.

ಪರ್ಯಂತಿ ಆ ತಟ್ಟೆಯನ್ನು ನೋಡುತ್ತ ಕೂತಳು. ಅಳಲಿಲ್ಲ. ಅತ್ತಿದ್ದರೆ ನಾನು ಕೂತೇ ಇರುತ್ತಿದ್ದೆನೇನೋ. ನನ್ನ ಬದುಕಿನಲ್ಲಿ ಅಷ್ಟು ನಾಚಿಕೆ ನನಗೆ ಎಂದೂ ಆಗಿರಲಿಲ್ಲ. ಎದ್ದೆ. ಅಧಿಕಾರಿಗಳ ಕಾಲು ತುಳಿದುಕೊಂಡು, ಚಪ್ಪರ ಸುತ್ತಿ ಹಿತ್ತಲಿಗೆ ಹೋದೆ. ಪಾತ್ರೆ ತೊಳೆಯುವ ಜಾಗ. ತಟ್ಟೆಗಳ ಗೋಪುರ, ಪಕ್ಕದಲ್ಲಿ ನೀರು ತುಂಬಿದ ದೊಡ್ಡ ಬಾನಿ. ರೇಷ್ಮೆ ಬಾತಿಕ್ ಅಂಗಿಯ ತೋಳು ಮಡಚಿ ಕುಕ್ಕರುಗಾಲಲ್ಲಿ ಕೂತೇಬಿಟ್ಟೆ.

ತೊಳೆದೆ ಎಂದರೆ ಹಾಗಲ್ಲ! ಸೆಮಾರಂಗಿನ ಮಂತ್ರಿಗಳು ನೋಡಿದ್ದರೆ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು. ಒಂದೊಂದು ತಟ್ಟೆಯನ್ನೂ ಬಾನಿಯಲ್ಲಿ ಮುಳುಗಿಸಿ, ಉಜ್ಜಿ, ಮತ್ತೆ ಮುಳುಗಿಸಿ, ಪಕ್ಕಕ್ಕೆ ಜೋಡಿಸಿದೆ. ನೀರಿನ ಚಳಿಗೆ ಬೆರಳುಗಳು ನನ್ನವೇ ಎನ್ನಿಸಲಿಲ್ಲ. ಸೊಂಟ ಹಿಡಿದುಕೊಂಡಿತು. ಹೆಂಗಸರು ಒಬ್ಬೊಬ್ಬರಾಗಿ ಬಾಗಿಲಿಗೆ ಬಂದು ನಿಂತರು. ನನ್ನನ್ನೇ ನೋಡಿದರು. ಕರಗುತ್ತಿದ್ದಾರೆ, ಇವರ ಮನಸ್ಸು ಕರಗುತ್ತಿದೆ ಎಂದುಕೊಂಡು ಇನ್ನೂ ಜೋರಾಗಿ ಉಜ್ಜಿದೆ. ಕೊನೆಯ ತಟ್ಟೆಯನ್ನಿಟ್ಟು, ಹಣೆಯ ಬೆವರೊರೆಸಿ, ಗೆದ್ದವನಂತೆ ತಲೆಯೆತ್ತಿದೆ.

ಎದುರಿಗೆ ತುಗಿಯೆಮ್ ಅಜ್ಜಿ. ಅವರ ಗಲ್ಲ ಅದುರುತ್ತಿತ್ತು. ನಿಜವಾಗಿ ಅಳುತ್ತಿದ್ದಾರೆಂದೇ ತಿಳಿದೆ. ಅವರು ಒಂದು ತಟ್ಟೆ ಎತ್ತಿ, ಬೆರಳಿನಿಂದ ಎಳೆದು, ಎಣ್ಣೆಜಿಡ್ಡನ್ನು ನನ್ನ ಮೂಗಿನ ಮುಂದೆ ಹಿಡಿದರು.

"ಇವೆಲ್ಲಾ ತೊಳೆದಿಟ್ಟಿದ್ದ ತಟ್ಟೆಗಳು. ಆ ಬಾನಿಯಲ್ಲಿದ್ದಿದ್ದು ಬೆಳಗಿನ ಎಂಜಲು ನೀರು. ಆಡಿಗೆ ಹಾಕೋಕೆ ಅಂತ ಇಟ್ಟಿದ್ವಿ."

ಹಿತ್ತಲೇ ಕಿತ್ತುಹೋಗುವಂತೆ ನಗು ಎದ್ದಿತು. ಒಬ್ಬಳು ಗೋಡೆ ಹಿಡಿದುಕೊಂಡಳು, ಒಬ್ಬಳು ನೆಲಕ್ಕೇ ಕೂತಳು. ಆ ನಗುಗಳಲ್ಲಿ ಒಂದು ನನಗೆ ಪರಿಚಿತವಾಗಿತ್ತು. ಪರದೆಯ ಹತ್ತಿರ ಪರ್ಯಂತಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು, ಅವಳ ಭುಜದ ಮೇಲೆ ಅದೇ ಹುಡುಗಿ ತಲೆಯಿಟ್ಟು ನಗು ತಡೆಯಲಾರದೆ ಬಿಕ್ಕುತ್ತಿದ್ದಳು.

"ನಗೋದಕ್ಕೆ ಬಂದಿದೀಯೇನೇ ಪರ್ಯಂತಿ?" ಅಜ್ಜಿ ಗದರಿದರು. "ಎರಡನೇ ಪಂಕ್ತಿಗೆ ಈರುಳ್ಳಿ ನಿಮ್ಮಮ್ಮ ಬಂದು ಹೆಚ್ತಾಳಾ?"

ನನ್ನ ಹೆಂಡತಿ ಹೆಗಲ ಶಾಲು ಸೊಂಟಕ್ಕೆ ಸಿಕ್ಕಿಸಿಕೊಂಡು ಒಳಗೆ ಓಡಿದ ವೇಗವನ್ನು ನಾನು ಮದುವೆಯಾದಾಗಿನಿಂದ ಕಂಡಿರಲಿಲ್ಲ. ಜಿಡ್ಡಿನ ಕೈಯಲ್ಲಿ ಕಣ್ಣೊರೆಸಿಕೊಂಡು ಕೇಳಿದೆ:

"ಅಜ್ಜಿ, ಮೊದಲನೇ ತಟ್ಟೆಗೇ ಹೇಳ್ಬಾರ್ದಾಗಿತ್ತಾ?"

"ಅತಿಥಿಗಳು ತಪ್ಪು ಮಾಡಿದ್ರೆ ಹೇಳೋಕಾಗುತ್ತೇನಪ್ಪಾ?" ಅಜ್ಜಿ ಆ ತಟ್ಟೆಯನ್ನು ನನ್ನ ಮಡಿಲಿಗೆ ಎಸೆದರು. "ಈಗ ಹೇಳ್ತಿದೀನಿ, ಕೇಳಿಸ್ಕೋ. ಬೇರೆ ನೀರು ತಂದು ಒಂದೂ ಬಿಡದೆ ಎಲ್ಲಾ ಮತ್ತೆ ತೊಳಿ."