ತೋಡಿನ ಆಚೆಯ ನಾಲ್ಕು ವರ್ಷ

ನವೆಂಬರ್ ಒಂಬತ್ತು, ಭಾನುವಾರ. ಬರೆಯಲು ಕೂತದ್ದು ಬೆಳಿಗ್ಗೆ ಹತ್ತೂಕಾಲಿಗೆ.

ಕಾಯಿಲೆಯ ಬಗ್ಗೆ ಮಾತನಾಡಲು ನಮ್ಮ ಕಡೆ ಯಾವ ಅರ್ಹತೆಯೂ ಬೇಕಾಗಿಲ್ಲ. ಬೆರಳಿಗೆ ಬಟ್ಟೆ ಸುತ್ತಿಕೊಂಡು ಬೆಟ್ಟಂಪಾಡಿಯಲ್ಲಿ ಬಸ್ಸು ಹತ್ತಿದವನಿಗೆ ಪುತ್ತೂರಿನ ದರ್ಬೆ ತಲುಪುವಷ್ಟರಲ್ಲಿ ಐದು ಬಗೆಯ ಮದ್ದು ಸಿಕ್ಕಿರುತ್ತದೆ. ಕಳೆದ ವರ್ಷ ಒಂದು ದಿನ ನಾನೇ ಎಣಿಸಿದ್ದೇನೆ. ಆರನೆಯದನ್ನು ಟಿಕೆಟ್ ಹರಿಯುತ್ತಲೇ ಕಂಡಕ್ಟರು ಹೇಳಿದರು. ಆ ಆರು ಮಂದಿಯಲ್ಲಿ ಒಬ್ಬರೂ ಇನ್ನೊಬ್ಬರ ಮಾರ್ಕ್ಸ್ ಕಾರ್ಡು ಕೇಳಲಿಲ್ಲ. ಆದರೆ ಇದೇ ವಿಷಯವನ್ನು ಬೆಂಚಿನ ಮೇಲೆ ಕೂತು, ಪುಸ್ತಕ ನೋಡಿ, ಪರೀಕ್ಷೆ ಬರೆದು ಕಲಿಯುತ್ತೇನೆ ಎಂದು ಹೊರಟರೆ ಮಾತ್ರ ನೀವು ಯಾರು, ಎಲ್ಲಿಯವರು, ಒಂದನೇ ಕ್ಲಾಸಿನಲ್ಲಿ ಎಲ್ಲಿ ಕೂತಿದ್ದಿರಿ ಎಂಬ ಪ್ರಶ್ನೆಗಳು ಏಳುತ್ತವೆ. ಈ ವ್ಯವಸ್ಥೆ ತಪ್ಪು ಎಂದು ನಾನು ಹೇಳುತ್ತಿಲ್ಲ. ಬಸ್ಸಿನಲ್ಲಿಯೂ ಇದೇ ನಿಯಮ ಇದ್ದಿದ್ದರೆ ಪ್ರಯಾಣ ಸ್ವಲ್ಪ ನಿಶ್ಶಬ್ದವಾಗಿರುತ್ತಿತ್ತು ಎಂದಷ್ಟೇ ನನ್ನ ಅಭಿಪ್ರಾಯ.

ನಾನು ದರ್ಬೆಯ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೌಂಟರಿನಲ್ಲಿ ಕೂರುವವಳು. ಪಿಯುಸಿ ಮುಗಿಸಿ ಸೇರಿದ್ದು, ಮೂರು ವರ್ಷವಾಯಿತು. ಬಂದವರ ಹೆಸರು, ವಯಸ್ಸು ಬರೆದುಕೊಳ್ಳುವುದು, ಬಿಲ್ಲು ಹರಿಯುವುದು, "ಬರೀ ಹೊಟ್ಟೆಯಲ್ಲಿ ಬಂದದ್ದಾ?" ಎಂದು ಕೇಳುವುದು, ಇಷ್ಟು ನನ್ನ ಕೆಲಸ. ಕೊನೆಯದೇ ಕಷ್ಟ. "ಹೌದಮ್ಮ, ಬರೀ ಹೊಟ್ಟೆ. ದಾರಿಯಲ್ಲಿ ಎರಡು ಗೋಳಿಬಜೆ ತಿಂದೆ ಅಷ್ಟೆ" ಎನ್ನುವವರನ್ನು ನೋಯಿಸದೆ ವಾಪಸು ಕಳಿಸುವುದಕ್ಕೆ ಯಾವ ಕೋರ್ಸಿನಲ್ಲಿಯೂ ತರಬೇತಿ ಇದ್ದಂತೆ ಕಾಣುವುದಿಲ್ಲ. ಒಳಗೆ ರಕ್ತ ತೆಗೆಯುವವರು, ಪರೀಕ್ಷೆ ಮಾಡುವವರು ವಾರಿಜಕ್ಕ. ನಮ್ಮ ಟೆಕ್ನೀಶಿಯನ್. ಜೂನ್ ತಿಂಗಳ ಒಂದು ಮಧ್ಯಾಹ್ನ, ಊಟದ ಡಬ್ಬಿ ತೊಳೆಯುತ್ತಾ ಅವರು ನನ್ನ ಭವಿಷ್ಯವನ್ನು ಹೇಳಿದರು.

"ನೋಡು ಚಿತ್ರಾ, ನಾನು ಇನ್ನು ಮೂರು ವರ್ಷ. ಮತ್ತೆ ಬಿಡುದು. ಈ ವರ್ಷ ನೀನು ಕೋರ್ಸಿಗೆ ಸೇರಿದ್ರೆ ನಾನು ಏಳುವಾಗ ನೀನು ಕೂರಬಹುದು. ಲ್ಯಾಬಿನ ಡಾಕ್ಟ್ರ ಹತ್ರ ಮಾತಾಡಿದ್ದೇನೆ, ಒಪ್ಪಿದ್ದಾರೆ. ಮುಂದಿನ ವರ್ಷ ಅಂತ ಕೂತ್ರೆ ಅವರು ಬೇರೆ ಯಾರನ್ನಾದ್ರೂ ತರ್ತಾರೆ. ಮತ್ತೆ ನೀನು ಜೀವಮಾನ ಇಡೀ ಬರೀ ಹೊಟ್ಟೆಯಾ, ಬರೀ ಹೊಟ್ಟೆಯಾ ಅಂತ ಕೇಳ್ತಾ ಕೂರುದು."

ಇಪ್ಪತ್ತೊಂದನೆಯ ವಯಸ್ಸಿನಲ್ಲಿ ಜೀವಮಾನ ಎಂಬ ಮಾತು ಕೇಳಿದರೆ ಯಾರಿಗಾದರೂ ಹೆದರಿಕೆಯಾಗುತ್ತದೆ. ಲ್ಯಾಬ್ ಟೆಕ್ನೀಶಿಯನ್ ಕೋರ್ಸು ಎಂದರೆ ಪ್ಯಾರಾಮೆಡಿಕಲ್ ಡಿಪ್ಲೊಮಾ. ಪ್ರವೇಶ ಶುರುವಾದ ವಾರವೇ ರಜೆ ಹಾಕಿ, ಸರ್ಟಿಫಿಕೇಟುಗಳನ್ನು ವರ್ಷವಾರು ಜೋಡಿಸಿ, ಪ್ರತಿಯೊಂದಕ್ಕೂ ಮೂರು ಜೆರಾಕ್ಸ್ ಮಾಡಿಸಿ, ಸುಳ್ಯದ ಕಡೆಯ ಒಂದು ಕಾಲೇಜಿಗೆ ಹೋದೆ. ಹೆಸರು ಬೇಡ, ಅವರ ತಪ್ಪೇನೂ ಇಲ್ಲ. ಕಿಟಕಿಯ ಆಚೆ ಕೂತ ಗುಮಾಸ್ತರು ಸಭ್ಯರು.

"ಎಸ್ಸೆಸ್ಸೆಲ್ಸಿ ಆದವರಿಗೆ ಮೂರು ವರ್ಷದ ಕೋರ್ಸು. ಪಿಯುಸಿ ಸೈನ್ಸ್ ಆದವರಿಗೆ ಎರಡು ವರ್ಷದ್ದು. ನಿಮ್ಮದೆಂತ?" ಎಂದು ಕೇಳಿದರು.

"ಪಿಯುಸಿ ಕಾಮರ್ಸ್" ಎಂದೆ.

ಮಂಗಳೂರಿನ ಟಿಕೆಟ್ ಹಿಡಿದು ಮಡಿಕೇರಿ ಬಸ್ಸು ಹತ್ತಿದವರನ್ನು ನೋಡುವ ಹಾಗೆ ಅವರು ನನ್ನನ್ನು ನೋಡಿದರು. "ಹಾಗಾದ್ರೆ ನೀವು ಎಸ್ಸೆಸ್ಸೆಲ್ಸಿ."

"ಅಲ್ಲ ಸರ್, ಪಿಯುಸಿ ಪಾಸಾಗಿದೆ. ಡಿಸ್ಟಿಂಕ್ಷನ್."

"ಇರಬಹುದು. ಒಳ್ಳೆಯದೇ. ಆದ್ರೆ ಇಲ್ಲಿ ನೀವು ಎಸ್ಸೆಸ್ಸೆಲ್ಸಿ."

ಮೂರು ವರ್ಷದ ಕೋರ್ಸಾದರೆ ವಾರಿಜಕ್ಕನ ಲೆಕ್ಕಕ್ಕೆ ಸರಿಯಾಗಿಯೇ ಕೂರುತ್ತದೆ ಎಂದು ನಾನು ಸಮಾಧಾನ ಮಾಡಿಕೊಂಡೆ. ಮನೆಯಲ್ಲಿ ಅಪ್ಪ ಮಾಡಿಕೊಳ್ಳಲಿಲ್ಲ. ಅಪ್ಪನಿಗೆ ಹಿಟ್ಟಿನ ಗಿರಣಿ ಇದೆ. ಹಾಕಿದ ಅಕ್ಕಿ ಹಿಟ್ಟಾಗಿ ಹೊರಗೆ ಬರಲೇಬೇಕು ಎಂಬುದು ಅವರ ಜೀವನದ ಅನುಭವ. "ಎರಡು ವರ್ಷ ದಿನಾ ಬಸ್ಸಿಗೆ ಓಡಿದ್ದಲ್ವಾ ನೀನು, ಅದೆಲ್ಲ ಎಲ್ಲಿಗೆ ಹೋಯ್ತು ಮತ್ತೆ?" ಎಂದು ಕೇಳಿದರು. ಅಮ್ಮ ಮಾತ್ರ, ಎಸ್ಸೆಸ್ಸೆಲ್ಸಿ ಆದದ್ದಾದರೂ ಒಪ್ಪಿಕೊಂಡರಲ್ಲ ಎಂದು ದೇವರಿಗೆ ಕೈಮುಗಿದಳು.

ಆದರೆ ನಿಜವಾದ ತೊಂದರೆ ಅಲ್ಲಿರಲಿಲ್ಲ. ಎರಡನೆಯ ಸಲ ಹೋದಾಗ ಗುಮಾಸ್ತರು, ಸರಕಾರಿ ಕೋಟಾದ ಸೀಟು ಬೇಕಾದರೆ ಏಳು ವರ್ಷ ಕರ್ನಾಟಕದಲ್ಲಿ ಓದಿರಬೇಕು, ಅದಕ್ಕೆ ವ್ಯಾಸಂಗ ಪ್ರಮಾಣಪತ್ರ ತನ್ನಿ ಎಂದರು. ನಾನು ನಕ್ಕುಬಿಟ್ಟೆ. ಹುಟ್ಟಿದ್ದು, ಬೆಳೆದದ್ದು, ರೇಷನ್ ಕಾರ್ಡು, ಎಲ್ಲ ಕರ್ನಾಟಕವೇ. ನಗು ನಿಂತದ್ದು ಒಂದನೇ ಕ್ಲಾಸಿನ ಸರ್ಟಿಫಿಕೇಟನ್ನು ಅವರ ಮುಂದೆ ಇಟ್ಟಾಗ.

ಇದನ್ನು ಸ್ವಲ್ಪ ವಿವರಿಸಬೇಕು. ನಮ್ಮ ಮನೆ ಬೆಟ್ಟಂಪಾಡಿಯಿಂದ ಒಳಗೆ. ಮನೆಯ ಕೆಳಗೆ ಒಂದು ಸಣ್ಣ ತೋಡು ಹರಿಯುತ್ತದೆ. ಅದರ ಮೇಲೆ ಮರದ ಸಂಕ, ಸಂಕ ದಾಟಿದರೆ ಗುಡ್ಡೆಯ ಬುಡದಲ್ಲಿ ನಾಲ್ಕನೆಯ ಕ್ಲಾಸಿನವರೆಗಿನ ಒಂದು ಶಾಲೆ. ಕನ್ನಡ ಶಾಲೆ. ಅಲ್ಲಿ ಗಂಟೆ ಹೊಡೆದದ್ದು ನಮ್ಮ ಅಡಿಗೆಮನೆಗೆ ಕೇಳುತ್ತದೆ. ಈಚೆಯ ಶಾಲೆಗೆ ಹೋಗಬೇಕಾದರೆ ಗುಡ್ಡೆ ಹತ್ತಿ ಇಳಿಯಬೇಕು. ಹಾಗಾಗಿ ನಮ್ಮ ಬೈಲಿನ ಮಕ್ಕಳೆಲ್ಲ ಹೋಗುತ್ತಿದ್ದದ್ದು "ಆಚೆ ಶಾಲೆ"ಗೆ. ಅದು ಆಚೆ ಎಂದು ಎಲ್ಲರಿಗೂ ಗೊತ್ತಿತ್ತು. ಅದು ಕೇರಳ ಎಂದು ಯಾರಿಗೂ ತೋಚಿರಲಿಲ್ಲ. ತೋಚಿದ್ದರೂ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ, ಯಾಕೆಂದರೆ ಮಧ್ಯಾಹ್ನದ ಗಂಜಿಗೆ ಅಲ್ಲಿ ಹೆಸರುಕಾಳಿನ ಪಲ್ಯ ಕೊಡುತ್ತಿದ್ದರು. ಆರನೆಯ ವಯಸ್ಸಿನಿಂದ ನಾಲ್ಕು ವರ್ಷ ನಾನು ದಿನಾ ಬೆಳಿಗ್ಗೆ ರಾಜ್ಯ ಬಿಟ್ಟು ಸಂಜೆ ರಾಜ್ಯಕ್ಕೆ ಮರಳುತ್ತಿದ್ದೆ, ಅದೂ ಸ್ಲೇಟು ಹಿಡಿದುಕೊಂಡು.

ಲೆಕ್ಕ ಹೀಗೆ: ಐದರಿಂದ ಹತ್ತರವರೆಗೆ ಈಚೆ, ಆರು ವರ್ಷ. ಪಿಯುಸಿ ಈಚೆ, ಎರಡು ವರ್ಷ. ಒಟ್ಟು ಎಂಟು. ಬೇಕಾದದ್ದು ಏಳು. ನಾನು ಇದನ್ನು ಒಂದು ಹಾಳೆಯಲ್ಲಿ ಗೆರೆ ಹಾಕಿ ಬರೆದು ಗುಮಾಸ್ತರಿಗೆ ತೋರಿಸಿದೆ. ಅವರಿಗೆ ಗೆರೆಗಳು ಇಷ್ಟವಾದವು. "ಚಂದ ಬರೆದಿದ್ದೀರಿ. ಆದ್ರೆ ನೀವು ಎಸ್ಸೆಸ್ಸೆಲ್ಸಿ ಅಲ್ವಾ? ಪಿಯುಸಿ ಹೇಗೆ ಸೇರಿಸುದು?" ಎಂದರು. ಉಳಿದದ್ದು ಆರು, ಒಂದು ವರ್ಷ ಕಡಿಮೆಯಾಯಿತು. ಪಿಯುಸಿ ಓದಿದ್ದೇನೆ ಎಂದರೆ ಅದು ಸೈನ್ಸ್ ಆಗಿರಬೇಕು, ಓದಿಲ್ಲ ಎಂದರೆ ವರ್ಷ ಸಾಲದು.

ಆಗ ಕಡಬದಿಂದ ಮಾವ ಬಂದರು. ಅಮ್ಮನ ಅಣ್ಣ. ಕೆಲಸ ಏನು ಎಂದು ಕೇಳಿದರೆ ಬಿಸ್ನೆಸ್ ಎನ್ನುತ್ತಾರೆ, ಯಾವುದು ಎಂದು ಈವರೆಗೆ ಯಾರೂ ಕೇಳಿಲ್ಲ. ವಿಷಯವನ್ನೆಲ್ಲ ಕೇಳಿ, ಚಾ ಕುಡಿದು ಮುಗಿಸಿ, "ಒಂದು ವರ್ಷಕ್ಕೆ ಇಷ್ಟು ತಲೆಬಿಸಿಯಾ? ಇವಳು ಅಂಗನವಾಡಿಗೆ ಹೋಗಿದ್ದು ಈಚೆ ಅಲ್ವಾ? ಅದನ್ನು ಸೇರಿಸುವ" ಎಂದರು. ಅಂಗನವಾಡಿಯ ಟೀಚರು ಈಗ ಕೆದಂಬಾಡಿಯಲ್ಲಿ ಮಗಳ ಮನೆಯಲ್ಲಿದ್ದಾರೆ. ಮಾವನ ಕಾರಿನಲ್ಲಿ ಹೋದೆವು. ಅವರು ನನ್ನನ್ನು ಗುರುತಿಸಿ ಬಹಳ ಖುಷಿಪಟ್ಟರು. ಬಂದ ಕಾರಣ ಕೇಳಿದ ಮೇಲೆ ಖುಷಿ ಸ್ವಲ್ಪ ಕಡಿಮೆಯಾಯಿತು.

"ವ್ಯಾಸಂಗ ಅಂತ ಬರೆಯುದು ಹೇಗೆ ಮಾರಾಯ್ರೆ? ಇವಳು ಬರ್ತಿದ್ದದ್ದು ಉಪ್ಪಿಟ್ಟಿಗೆ. ಉಪ್ಪಿಟ್ಟು ಮುಗಿದ ಕೂಡ್ಲೆ ಮಲಗ್ತಿದ್ದಳು."

"ಮಲಗಿದ್ದು ಕರ್ನಾಟಕದಲ್ಲಿ ಅಲ್ವಾ ಟೀಚರೇ? ಅಷ್ಟು ಬರೆದು ಕೊಡಿ, ಸಾಕು" ಎಂದರು ಮಾವ.

ಟೀಚರು ಪ್ರಾಮಾಣಿಕರು. ಸುಳ್ಳು ಬರೆಯಲಿಲ್ಲ. ಈ ಮಗು ಒಂದು ವರ್ಷ ತಪ್ಪದೆ ಬಂದು ಪೌಷ್ಟಿಕ ಆಹಾರ ಸ್ವೀಕರಿಸಿರುತ್ತದೆ ಎಂದು ಬರೆದುಕೊಟ್ಟರು. ಗುಮಾಸ್ತರು ಅದನ್ನು ಎರಡು ಸಲ ಓದಿ, "ಇದು ಊಟ ಮಾಡಿದ್ದಕ್ಕೆ. ನಮಗೆ ಓದಿದ್ದಕ್ಕೆ ಬೇಕು" ಎಂದು ಮರಳಿಸಿದರು. ಆಮೇಲೆ ಪಾಪ, ಅವರಿಗೇ ಕನಿಕರ ಬಂದಿರಬೇಕು. ಗಡಿಯ ಆಚೆಯ ಕನ್ನಡಿಗರಿಗೆ ಬೇರೆ ದಾರಿ ಇದೆ, ಏಳು ವರ್ಷದ ನಿಯಮ ಅವರಿಗೆ ಹಾಗೆ ಅನ್ವಯಿಸುವುದಿಲ್ಲ ಎಂದರು. ನನಗೆ ಜೀವ ಬಂದಂತಾಯಿತು. "ನಿಮ್ಮ ಮನೆ ಆಚೆಯಲ್ಲವಾ?" ಎಂದು ಕೇಳಿದರು. ಮನೆ ಈಚೆ, ಶಾಲೆ ಮಾತ್ರ ಆಚೆ ಎಂದೆ. "ಛೆ" ಎಂದರು. ಅಂದರೆ ನನ್ನ ಜೊತೆ ಅದೇ ಬೆಂಚಿನಲ್ಲಿ ಕೂತು ಅದೇ ಪಲ್ಯ ತಿಂದ ಆಚೆ ಮನೆಯ ಹುಡುಗಿಗೆ ದಾರಿ ಇದೆ. ಆಚೆ ಹೋಗದೆ ಗುಡ್ಡೆ ಹತ್ತಿಳಿದ ಹುಡುಗಿಗೂ ದಾರಿ ಇದೆ. ಸಂಕ ದಾಟಿದವಳಿಗೆ ಮಾತ್ರ ಇಲ್ಲ. ಮನೆಗೆ ಬಂದು ಹೇಳಿದಾಗ ಮಾವ ಒಂದು ಗಳಿಗೆ ಯೋಚಿಸಿ, "ನಿಮ್ಮ ದನದ ಕೊಟ್ಟಿಗೆ ಆಚೆ ಉಂಟಲ್ವಾ ಭಾವ?" ಎಂದು ಅಪ್ಪನನ್ನು ಕೇಳಿದರು.

"ಉಂಟು" ಎಂದರು ಅಪ್ಪ. "ದನಕ್ಕೆ ಸೀಟು ಸಿಗಬಹುದು."

ಅರ್ಜಿಗೆ ಕೊನೆಯ ದಿನ ಶುಕ್ರವಾರ. ಗುರುವಾರ ಲ್ಯಾಬಿನಲ್ಲಿ ನಾನು ಒಬ್ಬ ಹೆಂಗಸಿಗೆ ವಯಸ್ಸು ಕೇಳುವ ಬದಲು ಎಷ್ಟು ವರ್ಷ ಕರ್ನಾಟಕದಲ್ಲಿ ಎಂದು ಕೇಳಿದೆ. ವಾರಿಜಕ್ಕ ಒಳಗಿನಿಂದ ಬಂದು, "ನಾಳೆ ಹೋಗಿ ಅವರ ಮೇಲಿನವರನ್ನು ನೋಡು. ಕಿಟಕಿಯಲ್ಲಿ ನಿಂತು ಮಾತಾಡ್ಬೇಡ, ಒಳಗೆ ಹೋಗು. ಅವರು ಕೂತ್ಕೊಳ್ಳಿ ಅಂತ ಹೇಳ್ಳಿಕ್ಕಿಲ್ಲ, ನೀನೇ ಕೂತ್ಕೋ" ಎಂದು ರಜೆ ಕೊಡಿಸಿದರು. ಶುಕ್ರವಾರ, ಜೊತೆಗೆ ಬಂದ ಅಪ್ಪನನ್ನು ಹೊರಗೆ ನಿಲ್ಲಿಸಿ, ಒಳಗೆ ಹೋಗಿ ಕೂತೆ. ಸೂಪರಿಂಟೆಂಡೆಂಟರು ನಿವೃತ್ತಿಗೆ ಹತ್ತಿರದವರು. ನನ್ನ ಗೆರೆ ಹಾಕಿದ ಹಾಳೆ ನೋಡಿದರು, ಗುಮಾಸ್ತರ ಮಾತು ಕೇಳಿದರು, ಕನ್ನಡಕ ಒರೆಸಿಕೊಂಡರು.

"ನೀವು ಪಿಯುಸಿ ಓದಿದ್ದು ಹೌದಾ?"

"ಹೌದು ಸರ್."

"ಕರ್ನಾಟಕದಲ್ಲಿ?"

"ಪುತ್ತೂರಿನಲ್ಲಿ ಸರ್."

"ಮತ್ತೆಂತ ಇವರೇ? ಅರ್ಹತೆಗೆ ಎಸ್ಸೆಸ್ಸೆಲ್ಸಿ ತಗೊಳ್ಳುವ, ವರ್ಷಕ್ಕೆ ಪಿಯುಸಿ ತಗೊಳ್ಳುವ. ಆ ಹುಡುಗಿ ಎರಡು ವರ್ಷ ಕೂತದ್ದು ಸುಳ್ಳಲ್ಲವಲ್ಲ" ಎಂದರು ಗುಮಾಸ್ತರಿಗೆ. ಮೇಲಿನವರು ಆಕ್ಷೇಪ ಎತ್ತಿದರೆ ಎಂದು ಗುಮಾಸ್ತರು ಕೇಳಿದರು. ಎತ್ತಿದಾಗ ನೋಡುವ ಎಂದರು ಸೂಪರಿಂಟೆಂಡೆಂಟರು. ಆದರೂ ಸುರಕ್ಷತೆಗೆಂದು ನನ್ನಿಂದ ಒಂದು ಮುಚ್ಚಳಿಕೆ ಬರೆಸಿಕೊಂಡರು. ಅದರಲ್ಲಿ ಎರಡು ವಾಕ್ಯಗಳಿವೆ. ಮೊದಲನೆಯದರಲ್ಲಿ ನಾನು ಓದಿದ ಪಿಯುಸಿಯನ್ನು ಅರ್ಹತೆಯಾಗಿ ಪರಿಗಣಿಸಬಾರದು ಎಂದು ಕೋರಿದ್ದೇನೆ. ಎರಡನೆಯದರಲ್ಲಿ ಅದೇ ಪಿಯುಸಿಯನ್ನು ದಯವಿಟ್ಟು ಪರಿಗಣಿಸಬೇಕು ಎಂದು ಕೋರಿದ್ದೇನೆ. ಕೆಳಗೆ ನನ್ನ ಸಹಿ, ಅದರ ಕೆಳಗೆ ಅಪ್ಪನ ಸಹಿ. ಅಪ್ಪ ಒಳಗೆ ಬಂದು, ಎರಡೂ ವಾಕ್ಯ ಎರಡೆರಡು ಸಲ ಓದಿ ಸಹಿ ಹಾಕಿದರು.

ಸೀಟು ಸಿಕ್ಕಿತು. ಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ "ದಾಖಲೆ ಪರಿಶೀಲನೆಗೆ ಒಳಪಟ್ಟು" ಎಂದು ಬರೆದಿದೆ. ಕಳೆದ ಸೋಮವಾರ ಕ್ಲಾಸು ಶುರುವಾಯಿತು. ನಾನು ಒಳಗೆ ಕಾಲಿಟ್ಟ ಕೂಡಲೇ ಇಡೀ ತರಗತಿ ಎದ್ದು ನಿಂತು "ಗುಡ್ ಮಾರ್ನಿಂಗ್ ಮೇಡಂ" ಎಂದಿತು. ನಾನೂ ಗುಡ್ ಮಾರ್ನಿಂಗ್ ಹೇಳಿ ಮೂರನೆಯ ಬೆಂಚಿನಲ್ಲಿ ಹೋಗಿ ಕೂತೆ. ಅವರಿಗೆ ಕೂರಬೇಕೋ ಬೇಡವೋ ಎಂದು ಸ್ವಲ್ಪ ಹೊತ್ತು ತಿಳಿಯಲಿಲ್ಲ. ಎಲ್ಲರೂ ಈ ವರ್ಷ ಹತ್ತನೇ ಕ್ಲಾಸು ಮುಗಿಸಿದ ಮಕ್ಕಳು. ಪಕ್ಕದ ಹುಡುಗಿ ಮಧ್ಯಾಹ್ನದವರೆಗೆ ತಡೆದುಕೊಂಡಿದ್ದು, ಊಟಕ್ಕೆ ಬಿಟ್ಟಾಗ ಕೇಳಿದಳು.

"ನಿಮ್ಮದೂ ಎಸ್ಸೆಸ್ಸೆಲ್ಸಿಯಾ ಅಕ್ಕ?"

"ಹೌದು."

"ಎಷ್ಟು ಸಲ ಬರೆದ್ರಿ?"

ಒಂದೇ ಸಲ ಎಂದೆ. ಅವಳು ನಂಬಲಿಲ್ಲ. ಆದರೆ ತನ್ನ ಉಪ್ಪಿನಕಾಯಿ ಕೊಟ್ಟಳು.

ಈಗ ಉಳಿದಿರುವುದು ಆ ದಾಖಲೆ ಪರಿಶೀಲನೆ. ಅದು ಯಾವಾಗ ಎಂದು ಕಾಲೇಜಿನಲ್ಲಿ ಯಾರಿಗೂ ಗೊತ್ತಿಲ್ಲ. ಅರ್ಹತೆಗೆ ಲೆಕ್ಕಕ್ಕಿಲ್ಲದ ಪಿಯುಸಿ ವರ್ಷದ ಲೆಕ್ಕಕ್ಕೆ ಬರುತ್ತದೆಯೇ ಇಲ್ಲವೇ ಎಂದು ಖಚಿತವಾಗಿ ತಿಳಿದವರು, ಅಥವಾ ನನ್ನ ಹಾಗೆ ಸಂಕ ದಾಟಿ ಓದಿ ಈ ಕೋರ್ಸು ಮುಗಿಸಿದವರು ಯಾರಾದರೂ ಇದನ್ನು ಓದಿದರೆ ದಯವಿಟ್ಟು ನನಗೆ ಬರೆಯಿರಿ. ಉತ್ತರ ನನ್ನ ಪರವಾಗಿದ್ದರೆ ಕೂಡಲೇ ಬರೆಯಿರಿ. ವಿರುದ್ಧವಾಗಿದ್ದರೆ ಏನೂ ಅವಸರವಿಲ್ಲ, ಮೂರು ವರ್ಷ ಬಿಟ್ಟು ಬರೆದರೂ ಸಾಕು.